ಕೆರೆಕಳೆ ಮೀಮಾಂಸೆ

ವಿಷಯ

ಬೆಳ್ಳಂದೂರು, ವರ್ತೂರು ಕೆರೆಗಳನ್ನು ಬಲ್ಲ ಬೆಂಗಳೂರಿನವರಿಗೆ ಹಸಿರು ಕಂಡು ಹೆದರುವುದು ಹೊಸದಲ್ಲ. ದಡದಿಂದ ದಡಕ್ಕೆ ಹಬ್ಬುವ ಆ ಹಸಿರಿನಲ್ಲಿ ದೊಡ್ಡ ಪಾಲು ನಮ್ಮ ಜನ ಅಂತರಗಂಗೆಯೆನ್ನುವ ವಾಟರ್ ಹಯಸಿಂತ್. ಜೊತೆಗೆ ಅಂಚಿನಿಂದ ಒಳಕ್ಕೆ ತೆವಳುವ ಅಲಿಗೇಟರ್ ಕಳೆ, ಕೆಲವೆಡೆ ಸಾಲ್ವೀನಿಯಾ ಎಂಬ ನೀರಜರಿ. ಮೂರೂ ದಕ್ಷಿಣ ಅಮೆರಿಕದಿಂದ ಬಂದವು. ಜೊಂಡು, ನೈದಿಲೆ, ತಾವರೆ ಈ ವಿಚಾರದ ಹೊರಗೆ. ಅವು ಇಲ್ಲಿನವು, ಅವುಗಳ ಮರೆಯಲ್ಲಿ ಹಕ್ಕಿಗಳ ಸಂಸಾರ ನಡೆಯುತ್ತದೆ. ಸ್ವಚ್ಛತೆಯ ಹುರುಪಿನಲ್ಲಿ ಅವನ್ನೂ ಸೇರಿಸಿ ಬಳಿದುಹಾಕುವ ಗುತ್ತಿಗೆದಾರನಿಗೆ ಕೆರೆಯೂ ಈಜುಕೊಳವೂ ಒಂದೇ.

ಸಂಶಯ

ಊರೊಂದು ಅಥವಾ ಬಡಾವಣೆಯೊಂದು ತನ್ನದೆಂದುಕೊಂಡ ಕೆರೆಯಲ್ಲಿ ಈ ಕಳೆ ತೆಗೆಯುವುದು ಯಾವ ಬಗೆಯ ಕರ್ಮ? ಪೂರ್ವಮೀಮಾಂಸೆ ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸುತ್ತದೆ. ನಮ್ಮ ಆಡಳಿತ ಕಳೆ ತೆಗೆಯುವುದನ್ನು ನೈಮಿತ್ತಿಕವೆಂದು ಬಗೆದಿದೆ: ಮೀನು ಸತ್ತು ತೇಲಿದಾಗ, ಮಂತ್ರಿ ಬರುವಾಗ, ನ್ಯಾಯಾಲಯ ಗದರಿದಾಗ ಮಾಡುವುದು. ಕಂಪನಿಗಳ ದಾನ ಅದನ್ನು ಕಾಮ್ಯವಾಗಿಸಿದೆ: ನಾಮಫಲಕವೆಂಬ ಫಲಕ್ಕಾಗಿ ಮಾಡುವುದು. ನನ್ನ ಪಕ್ಷ ಇದು ನಿತ್ಯವೆಂಬುದು. ಮಾಡಿದರೆ ವಿಶೇಷ ಫಲವೇನೂ ಕಾಣದು, ಬಿಟ್ಟರೆ ದೋಷ ತಪ್ಪದು. ಇದನ್ನು ಒಪ್ಪಿದರೆ ಖರ್ಚಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆಯ ಉತ್ತರವೂ ಬದಲಾಗುತ್ತದೆ, ಏಕೆಂದರೆ ನಿತ್ಯಕರ್ಮಕ್ಕೆ ನಿತ್ಯದ ಆದಾಯವೇ ಬೇಕು.

ಮೊದಲ ಪೂರ್ವಪಕ್ಷ: ಒಮ್ಮೆ ಬೇರುಸಹಿತ ತೆಗೆದರೆ ಸಾಕಲ್ಲವೇ?

ಹೂಳೆತ್ತಿ, ಕೆರೆ ಬರಿದು ಮಾಡಿ, ಕಳೆಯನ್ನೆಲ್ಲ ಸಾಗಿಸಿದ ಮೇಲೆ ಮತ್ತೇಕೆ ಖರ್ಚು ಎನ್ನುವವರು ಗಿಡದ ಲೆಕ್ಕವನ್ನು ನೋಡಬೇಕು. ಬೆಚ್ಚಗಿನ, ಕೊಳಚೆ ಬೆರೆತ ನೀರಿನಲ್ಲಿ ಅಂತರಗಂಗೆ ಒಂದೆರಡು ವಾರಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನೂರರಲ್ಲಿ ಒಂದು ಪಾಲು ಮಾತ್ರ ಉಳಿಯಿತೆನ್ನಿ. ಹದಿನೈದು ದಿನಕ್ಕೊಮ್ಮೆ ಇಮ್ಮಡಿಯಾದರೂ ಏಳನೆಯ ಸುತ್ತಿಗೆ ಅದು ಕೆರೆಯ ಅಳತೆಯನ್ನೇ ಮೀರುತ್ತದೆ, ಅಂದರೆ ಮೂರೂವರೆ ತಿಂಗಳಲ್ಲಿ. ಆ ಒಂದು ಪಾಲನ್ನೂ ಬಿಡದೆ ತೆಗೆದರೂ ಕೆಸರಿನಲ್ಲಿ ಬೀಜ ಇರುತ್ತದೆ. ಅದು ಇಪ್ಪತ್ತು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಚಂದದ ಹೂವೆಂದು ಬಂಗಾಳಕ್ಕೆ ಬಂದ ಈ ಗಿಡದ ಕಾಟ ತಾಳದೆ 1936ರಲ್ಲಿ ಅಲ್ಲಿ ಕಾಯಿದೆಯನ್ನೇ ಮಾಡಿದರು. ಕಾಯಿದೆ ಹಳೆಯದಾಯಿತು, ಗಿಡ ಅಲ್ಲೇ ಇದೆ.

ಆದ್ದರಿಂದ ನಿರ್ಮೂಲನವೆಂಬ ಗುರಿಯನ್ನು ಕೈಬಿಡಬೇಕು. ನಿಯಂತ್ರಣ ಸಾಧ್ಯ. ಮೇಲ್ಮೈಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಬ್ಬಗೊಡದಿರುವುದು ಎಟುಕುವ ಗುರಿ.

ಎರಡನೆಯ ಪೂರ್ವಪಕ್ಷ: ಮೊದಲು ಕೊಳಚೆ ನಿಲ್ಲಿಸಿ

ಇದು ಬಲವಾದ ಆಕ್ಷೇಪ. ಕೆರೆಯ ವಿಜ್ಞಾನ ಬಲ್ಲವರೇ ಎತ್ತುವಂಥದು. ಕಳೆಗೆ ಅನ್ನ ಹಾಕುವುದು ಕೊಳಚೆಯಲ್ಲಿನ ಸಾರಜನಕ ಮತ್ತು ರಂಜಕ. ಅದನ್ನು ತಡೆಯದೆ ಕಳೆ ಕೀಳುವುದು ವ್ಯರ್ಥ ಎಂದು ಒಬ್ಬರು. ಇನ್ನೊಬ್ಬರು ಇನ್ನೂ ಮುಂದೆ ಹೋಗಿ, ಅಂತರಗಂಗೆ ನೀರಿನ ಕೊಳೆಯನ್ನು ಹೀರುತ್ತದೆ, ಅದು ಕಸ ಗುಡಿಸುವ ಗಿಡ, ಇರಲಿ ಬಿಡಿ ಎನ್ನುತ್ತಾರೆ.

ಹೀರುವುದು ನಿಜ. ಆದರೆ ಹೀರಿದ್ದನ್ನು ಕೆರೆಯಿಂದ ಹೊರಗೆ ಒಯ್ದಾಗ ಮಾತ್ರ ಅದು ಶುದ್ಧಿ. ಗಿಡ ಅಲ್ಲೇ ಕೊಳೆತರೆ ಹೀರಿದ್ದೆಲ್ಲ ನೀರಿಗೇ ಮರಳುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಕಿತ್ತ ಕಳೆಯನ್ನು ಏರಿಯ ಮೇಲೆ ರಾಶಿ ಹಾಕಿ ಹೋಗುವುದು ನಮ್ಮಲ್ಲಿ ವಾಡಿಕೆ. ಮೊದಲ ಮಳೆಗೇ ಅದರ ರಸ ಕೆರೆಗೆ ಇಳಿಯುತ್ತದೆ. ಬಿಲ್ಲು ಮಾತ್ರ ಅಷ್ಟರಲ್ಲಿ ಪಾಸಾಗಿರುತ್ತದೆ.

ಇನ್ನು ಎಷ್ಟು ಹೀರುತ್ತದೆ? ಹಸಿ ಕಳೆಯಲ್ಲಿ ನೂರಕ್ಕೆ 95ರಷ್ಟು ನೀರೇ. ಹತ್ತು ಟನ್ ಹಸಿಕಳೆ ಒಣಗಿದರೆ ಅರ್ಧ ಟನ್. ಅದರಲ್ಲಿ ನೂರಕ್ಕೆ ಎರಡು, ಎರಡೂವರೆ ಪಾಲು ಸಾರಜನಕವೆಂದರೂ ಹತ್ತು ಹನ್ನೆರಡು ಕಿಲೋ. ಇದು ಮೂರು ನಾಲ್ಕು ಮಂದಿಯ ಶೌಚದಲ್ಲಿ ವರ್ಷಕ್ಕೆ ಹೋಗುವ ಸಾರಜನಕ. ಸಾವಿರ ಜನರಿರುವ ಒಂದು ವಸತಿ ಸಮುಚ್ಚಯದ ಕೊಳಚೆ ರಾಜಕಾಲುವೆಗೆ ಬಿದ್ದರೆ ಅದಕ್ಕೆ ಸರಿದೂಗಲು ವರ್ಷಕ್ಕೆ ಸುಮಾರು ಮೂರು ಸಾವಿರ ಟನ್ ಕಳೆ ಎತ್ತಬೇಕು. ಕಳೆ ಕಿತ್ತು ಕೊಳಚೆಯನ್ನು ಗೆಲ್ಲಲಾಗದು ಎಂಬಷ್ಟರ ಮಟ್ಟಿಗೆ ಆಕ್ಷೇಪಕರ ಮಾತು ನಿಂತಿತು.

ಆದರೆ ಅದರಿಂದ ಕಳೆ ಬಿಡಬೇಕೆಂಬುದು ಸಿದ್ಧಿಸದು. ಸಾಮಾನ್ಯ ಸಂಸ್ಕರಣಾ ಘಟಕ ನೀರಿನ ನಾತವನ್ನು ತೆಗೆಯುತ್ತದೆ, ಸಾರಜನಕ ರಂಜಕಗಳನ್ನು ಬಹುಪಾಲು ಹಾಗೇ ಬಿಡುತ್ತದೆ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರು ನೇರ ಕೆರೆಗೆ ಹೋಗದೆ ಮೊದಲು ಜೌಗಿನ ಮೂಲಕ ಹಾಯುವಂತೆ ಮಾಡಿರುವುದು ಇದಕ್ಕೇ. ಕೆಸರಿನಲ್ಲಿ ದಶಕಗಳಿಂದ ಕೂಡಿದ ರಂಜಕವೂ ಇದೆ. ನಾಳೆಯೇ ಕೊಳಚೆ ನಿಂತರೂ ಕೆಲವು ವರ್ಷ ಕಳೆ ಬೆಳೆದೇ ತೀರುತ್ತದೆ. ಅಷ್ಟುಕಾಲ ನೀರು ಉಸಿರು ಕಟ್ಟಿರಲೆನ್ನುವುದು ವೈದ್ಯವಲ್ಲ. ಎರಡೂ ಒಟ್ಟಿಗೆ ಆಗಬೇಕು, ಮತ್ತು ಕೊಳಚೆ ಬಿಟ್ಟವನೇ ಕಳೆಯ ಖರ್ಚಿಗೆ ಮೊದಲ ಬಾಧ್ಯಸ್ಥ.

ಉಪಾಯ

ವಿಷ ಸಿಂಪಡಿಸುವುದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇನೆ: ಗಿಡವೆಲ್ಲ ಒಮ್ಮೆಲೇ ಸತ್ತು ಕೊಳೆತರೆ ಮೀನು ಉಸಿರಾಡಲಾರದು, ಆ ನೀರು ಸುತ್ತಲ ಬಾವಿಗೂ ಇಳಿಯುತ್ತದೆ. ಸಣ್ಣ ಕೆರೆಗೆ ತೆಪ್ಪ ಮತ್ತು ಕೈ, ದೊಡ್ಡದಕ್ಕೆ ಕಳೆ ಎತ್ತುವ ಯಂತ್ರ.

ಹೆಚ್ಚು ಹೇಳಬೇಕಾದ್ದು ಹುಳದ ಬಗ್ಗೆ, ಏಕೆಂದರೆ ಅದರ ಕಥೆ ನಮ್ಮೂರಿನದೇ. ಅಂತರಗಂಗೆಯನ್ನಷ್ಟೇ ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳವನ್ನು 1980ರ ದಶಕದ ಮೊದಲ ವರ್ಷಗಳಲ್ಲಿ ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಕೆಲವು ವರ್ಷಗಳಲ್ಲಿ ಹೆಬ್ಬಾಳವೂ ಸೇರಿದಂತೆ ಕೆಲವು ಕೆರೆಗಳಲ್ಲಿ ಕಳೆ ಇಳಿಯಿತು. ಸಾಲ್ವೀನಿಯಾ ತಿನ್ನುವ ಇನ್ನೊಂದು ಹುಳ ನಗರದ ಒಂದು ನೈದಿಲೆ ಕೊಳವನ್ನು ವರ್ಷದೊಳಗೆ ಬಿಡಿಸಿಕೊಟ್ಟಿತು. ಹೊರಗಿನ ಹುಳ ನಾಳೆ ಬೆಳೆಗೆ ಬಿದ್ದರೆ ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪಾರ್ಥೇನಿಯಂ ತಿನ್ನಲು 1984ರಲ್ಲಿ ಇಲ್ಲೇ ಬಿಟ್ಟ ಮೆಕ್ಸಿಕೋ ದುಂಬಿ ಸೂರ್ಯಕಾಂತಿಯ ಮೇಲೆ ಕಂಡಾಗ ಗದ್ದಲವೆದ್ದು ತನಿಖೆಯೇ ನಡೆಯಿತು. ಆದರೆ ಆ ಬೆಳೆಗೆ ಅದು ಪಿಡುಗಾಗಲಿಲ್ಲ. ನಿಯೋಕೆಟಿನಾ ಹತ್ತಾರು ದೇಶಗಳಲ್ಲಿ ದಶಕಗಳಿಂದ ಇದ್ದು ಹಾನಿ ಮಾಡಿಲ್ಲ.

ಹುಳದ ತೊಡಕು ಬೇರೆ. ಅದು ನಿಧಾನಿ, ಕೊಳಚೆ ಹೆಚ್ಚಿದ್ದಲ್ಲಿ ಗಿಡದ ಓಟಕ್ಕೆ ಸಮನಾಗಲಾರದು. ಯಂತ್ರ ಬಂದು ಕಳೆಯನ್ನೆಲ್ಲ ಒಯ್ದಾಗ ಹುಳವೂ ಅದರೊಂದಿಗೆ ಹೋಗುತ್ತದೆ. ಕೆರೆಯ ಒಂದು ಮೂಲೆಗೆ ಹಗ್ಗ ಕಟ್ಟಿ, ಅಲ್ಲಿನ ಕಳೆಯನ್ನು ಹುಳದ ಸಾಕಣೆಗೆ ಬಿಡಬೇಕು. ಹೀಗೆಂದು ಬರೆದ ಟೆಂಡರನ್ನು ನಾನು ಈವರೆಗೆ ನೋಡಿಲ್ಲ.

ಹಣದ ಪ್ರಶ್ನೆ

ಕೆರೆ ಸರ್ಕಾರದ್ದು, ಸರ್ಕಾರವೇ ಕೊಡಲಿ ಎಂಬುದು ಒಂದು ಪಕ್ಷ. ಸರ್ಕಾರ ಕೊಡುತ್ತದೆ, ಆದರೆ ಕಾಮಗಾರಿಗೆ ಕೊಡುತ್ತದೆ. ಬೇಲಿ, ನಡಿಗೆಪಥ, ಸ್ವಾಗತ ಕಮಾನುಗಳಿಗೆ ಅಂದಾಜುಪಟ್ಟಿ ಮಾಡಬಹುದು, ಉದ್ಘಾಟನೆಯೂ ಮಾಡಬಹುದು. ಪ್ರತಿ ತಿಂಗಳು ತೆಪ್ಪ ಇಳಿಸುವುದನ್ನು ಉದ್ಘಾಟಿಸುವವರು ಯಾರು? ನಮ್ಮ ಹಿಂದಿನವರಿಗೆ ಈ ದೌರ್ಬಲ್ಯ ಗೊತ್ತಿತ್ತು. ಕೆರೆ ಕಟ್ಟಿಸಿದವರು ಅದರ ಪೋಷಣೆಗೆ ಭೂಮಿಯನ್ನೇ ಬಿಟ್ಟರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆಗಳು ಈ ಜಾತಿಯವು. ಹೂಳು ಸಾಗಿಸುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟದ್ದುಂಟು. ದತ್ತಿ ಕಳಚಿ ಹೋದ ಮೇಲೆ ಕೆರೆ ಇಲಾಖೆಯ ಪಾಲಾಯಿತು, ನಿತ್ಯಕರ್ಮ ನಿಂತಿತು.

ಕಂಪನಿಗಳ ಸಿಎಸ್‌ಆರ್ ಹಣ ತನ್ನಿ ಎಂಬುದು ಎರಡನೆಯ ಪಕ್ಷ. ಬರುವ ಹಣವನ್ನು ಬೇಡವೆನ್ನಬೇಕಿಲ್ಲ. ಕಳೆ ಎತ್ತುವ ಯಂತ್ರಕ್ಕೋ ಜೌಗು ಕಟ್ಟುವುದಕ್ಕೋ ಅದು ಆದೀತು. ಆದರೆ ಸಿಎಸ್‌ಆರ್ ನಿಯಮಗಳಲ್ಲಿ ‘ಮುಂದುವರಿಯುವ ಯೋಜನೆ’ ಎಂದರೆ ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಕಳೆಯ ಬೀಜಕ್ಕೆ ಇಪ್ಪತ್ತು ವರ್ಷ ಆಯುಸ್ಸು, ದಾನಕ್ಕೆ ಮೂರು. ಹಣಕ್ಕೆ ಬದಲು ಕೆರೆಯನ್ನೇ ವಹಿಸಿಕೊಡುವ ದಾರಿಯನ್ನೂ ನೋಡಿಯಾಗಿದೆ: ಎರಡು ಸಾವಿರದ ದಶಕದಲ್ಲಿ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಜನ ಹೈಕೋರ್ಟಿನ ಮೆಟ್ಟಿಲೇರಿದರು. ಅದನ್ನು ಮತ್ತೆ ಪ್ರಯೋಗಿಸುವುದು ಬೇಡ.

ಕಳೆಯನ್ನೇ ಮಾರಿ ಖರ್ಚು ಹುಟ್ಟಿಸಬಹುದು ಎಂಬುದು ಮೂರನೆಯದು. ಗೊಬ್ಬರ, ಜೈವಿಕ ಅನಿಲ, ಬುಟ್ಟಿ ಹೆಣಿಗೆ ಎಲ್ಲವೂ ಆಗುತ್ತವೆ, ಕೈಕೆಲಸದ ಮಟ್ಟದಲ್ಲಿ ಒಳ್ಳೆಯವೇ. ಆದರೆ ಹತ್ತು ಟನ್ ಸಾಗಿಸಿದರೆ ಒಂಬತ್ತೂವರೆ ಟನ್ ನೀರು ಸಾಗಿಸಿದಂತೆ. ಜೊತೆಗೆ ಕಾರ್ಖಾನೆಯ ನೀರು ಸೇರುವ ಕೆರೆಯ ಕಳೆಯಲ್ಲಿ ಭಾರಲೋಹ ಕೂಡಿರುತ್ತದೆ. ಅದರ ಗೊಬ್ಬರ ಸೊಪ್ಪಿನ ಮಡಿಗೆ ಸಲ್ಲದು, ಅದು ಹಸುವಿನ ಮೇವೂ ಆಗಬಾರದು.

ಹಾಗಾದರೆ ಸಿದ್ಧಾಂತವೇನು? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆರೆಯ ಸುತ್ತಲ ಆಸ್ತಿದಾರರು ಕಾನೂನಿನಂತೆ ಒಂದು ಕೆರೆ ಜಿಲ್ಲೆಯಾಗಿ, ವಾರ್ಷಿಕ ಸಭೆಯಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ತೆರಿಗೆ ವಿಧಿಸಿಕೊಳ್ಳಬಹುದು. ಇದರಲ್ಲಿ ಕಲಿಯಬೇಕಾದ್ದು ಹಣ ಪ್ರತಿವರ್ಷ ಬರುತ್ತದೆಂಬುದು. ಹಾಗೆಯೇ ಎತ್ತಿ ತರುವುದು ಆಗದು, ಏಕೆಂದರೆ ನಮ್ಮ ಕೆರೆಯನ್ನು ನಂಬಿದವರಲ್ಲಿ ಆಸ್ತಿಯಿಲ್ಲದವರು ಬಹಳ. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಹುಲ್ಲು ಕೊಯ್ಯುವವರು ಕೊಳಚೆ ಬಿಟ್ಟವರಲ್ಲ. ಅವರ ಮೇಲೆ ಶುಲ್ಕ ಹೇರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹಣ ಬರಬೇಕಾದ್ದು ಮೂರು ಕಡೆಯಿಂದ. ಮುಖ್ಯವಾದದ್ದು ಒಳಚರಂಡಿ ಶುಲ್ಕದ ಒಂದು ಸ್ಥಿರ ಪಾಲು ಮತ್ತು ಕೊಳಚೆ ಬಿಟ್ಟವರ ದಂಡ. ಮಲಿನ ಮಾಡಿದವನೇ ತೆರಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಒಪ್ಪಿದೆ. ಬೆಳ್ಳಂದೂರಿನ ವಿಷಯದಲ್ಲಿ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿ, ಕ್ರಿಯಾಯೋಜನೆಗೆಂದು 500 ಕೋಟಿ ಬೇರೆ ತೆಗೆದಿಡಲು ಹೇಳಿತು. ವರ್ಷವರ್ಷ ಸಣ್ಣದಾಗಿ ಕೊಡದಿದ್ದುದು ಒಮ್ಮೆಲೇ ಹೀಗೆ ಬರುತ್ತದೆ. ಉಳಿದ ಎರಡು, ಮೀನು ಹರಾಜಿನ ಹಣದಲ್ಲಿ ಕೆರೆಗೇ ಮೀಸಲಾದ ಪಾಲು ಮತ್ತು ಕೆರೆಯ ನೋಟ ತೋರಿಸಿ ಬೆಲೆ ಏರಿಸಿಕೊಂಡ ಕಟ್ಟಡಗಳ ಮೇಲೊಂದು ಸಣ್ಣ ಉಪಕರ.

ಮನೆ ತೆರಿಗೆ ಕಟ್ಟುತ್ತಿದ್ದೇವಲ್ಲ, ಇದೊಂದು ಯಾಕೆ ಎಂಬ ಆಕ್ಷೇಪ ನ್ಯಾಯವೇ. ಆ ತೆರಿಗೆ ಸಾಮಾನ್ಯ ಖಾತೆಗೆ ಹೋಗಿ ಕೆರೆಗೆ ಮರಳುವ ಖಾತರಿಯಿಲ್ಲದಿರುವುದರಿಂದಲೇ ಬೇರೆ ಖಾತೆ ಬೇಕೆನ್ನುತ್ತಿರುವುದು. ಬೇರೆ ಖಾತೆ ಕೊಡದೆ ಉಪಕರ ಕೇಳಿದರೆ ಕೊಡಬೇಡಿ.

ಲೆಕ್ಕ

ಹಣ ಬಂದರೂ ಅದನ್ನು ನೋಡಿಕೊಳ್ಳುವ ಸಮಿತಿಯವರು ತಿಂದರೆ? ತಿನ್ನುವ ದಾರಿಯನ್ನು ನಾವೇ ಕರಾರಿನಲ್ಲಿ ಬರೆದುಕೊಡುತ್ತಿದ್ದೇವೆ. ಟನ್ನಿನ ಲೆಕ್ಕದಲ್ಲಿ ಹಣ ಕೊಟ್ಟರೆ ಗುತ್ತಿಗೆದಾರನಿಗೆ ನೀರಿನ ತೂಕಕ್ಕೆ ಹಣ ಕೊಟ್ಟಂತೆ. ಮೇಲಾಗಿ ಕಳೆ ಬೆಳೆದಷ್ಟೂ ಅವನಿಗೆ ಲಾಭ. ತಿಂಗಳ ಕೊನೆಗೆ ಎಷ್ಟು ಎಕರೆ ನೀರು ಬಯಲಾಗಿದೆ ಎಂಬುದಕ್ಕೆ ಹಣ ಕೊಡಬೇಕು. ಅದು ಏರಿಯ ಮೇಲೆ ನಿಂತವರಿಗೂ ಕಾಣುತ್ತದೆ, ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಕಳೆಯನ್ನು ಎಲ್ಲಿಗೆ ಒಯ್ದರೆಂಬ ದಾಖಲೆಯಿಲ್ಲದೆ ಬಿಲ್ಲು ಪಾಸಾಗಬಾರದು.

ಇನ್ನೊಂದು ತೊಡಕಿದೆ. ನಮ್ಮ ಕೆರೆಗಳು ಸರಪಳಿಯಲ್ಲಿವೆ. ಮೇಲಿನ ಕೆರೆ ಕೋಡಿ ಬಿದ್ದಾಗ ಅದರ ಕಳೆ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಮೇಲಿನವರ ಸೋಮಾರಿತನದ ಬಿಲ್ಲು ಕೆಳಗಿನವರಿಗೆ. ಆದ್ದರಿಂದ ನಿಧಿ ಕಣಿವೆಗೊಂದು ಇರಬೇಕು, ಕೆಲಸ ಕೆರೆಗೊಂದು. ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ ಎಂಬ ಗಡಿಗಳನ್ನು ಭೂಮಿಯೇ ಹಾಕಿಟ್ಟಿದೆ. ಮಳೆಗಾಲಕ್ಕೆ ಮೊದಲು ಮೇಲಿನ ಕೆರೆಗಳು ತೆರವಾಗಬೇಕು, ಒಳಹರಿವಿನ ಬಾಯಿಗೆ ಕಳೆ ತಡೆಯುವ ತೇಲುಬೇಲಿ ಬೀಳಬೇಕು.

ನಿಮ್ಮ ಕೆರೆಯ ಮಟ್ಟಿಗೆ ಇದನ್ನು ಈ ವರ್ಷವೇ ಶುರು ಮಾಡಬಹುದು. ಮುಂದಿನ ವಾರ್ಡ್ ಸಭೆಯಲ್ಲೋ ಗ್ರಾಮಸಭೆಯಲ್ಲೋ ಆಯವ್ಯಯದ ಪ್ರತಿ ಕೇಳಿ, ಅದರಲ್ಲಿ ಕಳೆ ನಿರ್ವಹಣೆಗೆ ವಾರ್ಷಿಕ ಶೀರ್ಷಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಹೊಸ ನಡಿಗೆಪಥಕ್ಕೆ ಒಪ್ಪಿಗೆ ಕೊಡುವ ಮೊದಲು ಅದನ್ನು ಬರೆಸಿ.