ವಿಧಿಯ ಹೆಗಲಿಗೆ ಹೊರಿಸುವ ಮುನ್ನ

ಎಲ್ಲೋ ಬೆಂಕಿ ಬಿತ್ತೆಂಬ ಸುದ್ದಿ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ, "ಜೀವಹಾನಿ ಆಗಿದೆಯೇ?" ಎಂಬುದು. ಅದು ಹಾಗೆಯೇ ಇರಬೇಕು. ಇಲ್ಲವೆಂದು ತಿಳಿದಾಗ "ಅಲ್‌ಹಮ್ದುಲಿಲ್ಲಾಹ್" ಎನ್ನುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಹೋದದ್ದು ಹೋಯಿತು, ಎಲ್ಲ ಅಲ್ಲಾಹನ ವಿಧಿ." ಈ ಎರಡನೆಯ ಮಾತಿನ ಬಗ್ಗೆ ಓದುಗರೊಂದಿಗೆ ತುಸು ಆಲೋಚಿಸಬೇಕೆಂದಿದ್ದೇನೆ. ಅದಕ್ಕೆ ನಿಮಿತ್ತವಾದದ್ದು ವಸ್ತು ಸಂಗ್ರಹಾಲಯಗಳಲ್ಲಿ ಸುಟ್ಟುಹೋದ ಹಳೆಯ ವಾಹನಗಳು.

ಬೆಳ್ತಂಗಡಿ ಸೀಮೆಯವರಿಗೆ ಹಳೆಯ ವಾಹನಗಳ ಸಂಗ್ರಹ ಎಂಬುದು ಅಪರಿಚಿತ ವಿಷಯವಲ್ಲ. ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯದ ಹೆಸರು ಕೇಳದವರು ಇಲ್ಲಿ ಕಡಿಮೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆಯ ಕಾರುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ತೋರಿಸಿದ ತಂದೆ ತಾಯಂದಿರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅವರದೇ ಸಂಗ್ರಹದ ಕಾರುಗಳಿಗಾಗಿ 2023ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಸಂಗ್ರಹಾಲಯವೂ ತೆರೆಯಿತು. ಇಲ್ಲಿ ಹೇಳಹೊರಟಿರುವ ಬೆಂಕಿ ಇವುಗಳಿಗೆ ಬಿದ್ದದ್ದಲ್ಲ. ಅಂತಹ ದಿನ ಬಾರದಿರಲಿ. ಆದರೆ ಬೇರೆ ಕಡೆ ಏನಾಯಿತು ಎಂದು ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪದ ಸಾಲಿಹಲ್‌ನಲ್ಲಿ ಆ ದೇಶದ ರಾಷ್ಟ್ರೀಯ ಮೋಟಾರ್‌ಸೈಕಲ್ ಸಂಗ್ರಹಾಲಯವಿದೆ. ನಾರ್ಟನ್, ಟ್ರಯಂಫ್, ಬಿ.ಎಸ್.ಎ. ಮುಂತಾದ ಬ್ರಿಟಿಷ್ ಗಾಡಿಗಳು ಅಲ್ಲಿ ಸಾಲಾಗಿ ನಿಂತಿದ್ದವು. 2003ರ ಸೆಪ್ಟೆಂಬರ್ 16ರಂದು ಅಲ್ಲಿಗೆ ಬೆಂಕಿ ಬಿತ್ತು. ಐದು ಸಭಾಂಗಣಗಳ ಪೈಕಿ ಮೂರು ನಾಶವಾದವು. ಸಿಬ್ಬಂದಿಯೂ ಅಂದು ಅಲ್ಲಿಗೆ ಬಂದಿದ್ದವರೂ ಕೈಗೆ ಸಿಕ್ಕ ಗಾಡಿಗಳನ್ನು ತಳ್ಳಿಕೊಂಡು ಹೊರಗೆ ತಂದರು. ಆದರೂ ಸುಮಾರು 380 ಮೋಟಾರ್‌ಸೈಕಲುಗಳು ಬೆಂಕಿಗೆ ಸಿಕ್ಕವು. ಇಷ್ಟಕ್ಕೆಲ್ಲ ಕಾರಣ, ಯಾರೋ ಸೇದಿ ಎಸೆದ ಒಂದು ಸಿಗರೇಟಿನ ತುಂಡು.

ಆಸ್ಟ್ರಿಯಾದ ಹೋಖ್‌ಗುರ್ಗ್‌ಲ್ ಎಂಬ ಬೆಟ್ಟದೂರಿನಲ್ಲಿ 2021ರ ಜನವರಿ 18ರ ಬೆಳಗಿನ ಜಾವ ಇಂಥದ್ದೇ ಇನ್ನೊಂದು ಸಂಗ್ರಹಾಲಯ ಉರಿಯಿತು. ಇನ್ನೂರಕ್ಕೂ ಹೆಚ್ಚು ಗಾಡಿಗಳು ಬೂದಿಯಾದವು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಸುಟ್ಟದ್ದು ರೈಲು ಎಂಜಿನುಗಳು. ಆ ಕತೆಗೆ ಮುಂದೆ ಬರುತ್ತೇನೆ.

ನೀವು ಕೇಳಬಹುದು: ಕಬ್ಬಿಣ ಬೆಂಕಿಗೆ ಸುಡುತ್ತದೆಯೇ? ಹಳೆಯ ವಾಹನಗಳಲ್ಲಿ ಕಬ್ಬಿಣವಷ್ಟೇ ಇರುವುದಿಲ್ಲ. ಹಿಂದಿನ ಕಾರುಗಳ ಮೈಯೊಳಗೆ ಮರದ ಚೌಕಟ್ಟು, ಆಸನದಲ್ಲಿ ತೊಗಲು ಮತ್ತು ಕುದುರೆಯ ಕೂದಲು, ಚಕ್ರಕ್ಕೆ ರಬ್ಬರು, ಮೇಲೆ ಬೇಗ ಹೊತ್ತಿಕೊಳ್ಳುವ ಬಣ್ಣ. ಎಂಜಿನ್ನಿನ ಹೊರಕವಚ ಅನೇಕ ಗಾಡಿಗಳಲ್ಲಿ ಅಲ್ಯೂಮಿನಿಯಂ. ಅದು 660 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ನೀರಾಗುತ್ತದೆ. ಮುಚ್ಚಿದ ಕಟ್ಟಡ ಹೊತ್ತಿ ಉರಿಯುವಾಗ ಶಾಖ ಅದನ್ನು ಸುಲಭವಾಗಿ ದಾಟುತ್ತದೆ. ಬೆಂಕಿ ಆರಿದ ಮೇಲೆ ಸೊಟ್ಟಗಾದ ಕಬ್ಬಿಣದ ಅಸ್ಥಿಪಂಜರ ನಿಂತಿರುತ್ತದೆ, ಎಂಜಿನ್ನು ಕರಗಿ ನೆಲದಲ್ಲಿ ಗಡ್ಡೆಯಾಗಿ ಬಿದ್ದಿರುತ್ತದೆ.

ಇಲ್ಲಿಗೆ ನಮ್ಮಲ್ಲಿ ಕೆಲವು ಧರ್ಮನಿಷ್ಠರ ಆಕ್ಷೇಪ ಬರುತ್ತದೆ. ಲೋಕವೇ ನಶ್ವರ. ಹಸಿದವರು, ಸೂರಿಲ್ಲದವರು ಇಷ್ಟು ಮಂದಿ ಇರುವಾಗ ಶ್ರೀಮಂತರ ಹಳೆಯ ಗಾಡಿಗಳಿಗಾಗಿ ಕಣ್ಣೀರು ಹಾಕಬೇಕೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡಲು ನಾನು ಸಿದ್ಧನಿಲ್ಲ. ಹಳೆಯ ಕಾರು ಕೂಡಿಡುವುದರಲ್ಲಿ ಆಡಂಬರದ ಪಾಲು ಇರಬಹುದು. ಯಾರಿಗೂ ತೋರಿಸದೆ ಬೀಗ ಹಾಕಿಟ್ಟು, ಬೆಲೆ ಏರುವುದನ್ನೇ ಕಾಯುತ್ತಿದ್ದವನ ಗಾಡಿ ಸುಟ್ಟರೆ ನಷ್ಟ ಅವನದೇ.

2019ರ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿದ್ದಾಗ ವಾಹನ ನಿಲುಗಡೆಯ ಬಯಲಿನ ಒಣಹುಲ್ಲು ಹೊತ್ತಿಕೊಂಡು ಸುಮಾರು 300 ಕಾರುಗಳು ಉರಿದುಹೋದದ್ದು ನಿಮಗೆ ನೆನಪಿರಬಹುದು. ಸಂಖ್ಯೆಯಲ್ಲಿ ಅದೂ ಸಣ್ಣ ನಷ್ಟವಲ್ಲ. ಆದರೆ ಅಂತಹ ಕಾರಿಗೆ ವಿಮೆಯ ಹಣ ಬರುತ್ತದೆ, ಅಂಥದ್ದೇ ಇನ್ನೊಂದು ಕಾರು ಅಂಗಡಿಯಲ್ಲಿ ಸಿಗುತ್ತದೆ. ಸಂಗ್ರಹಾಲಯದ ಗಾಡಿ ಹಾಗಲ್ಲ. ಅದನ್ನು ಮಾಡಿದವರು ಸತ್ತಿದ್ದಾರೆ, ಮಾಡಿದ ಕಾರ್ಖಾನೆ ಎಷ್ಟೋ ಸಲ ಮುಚ್ಚಿಹೋಗಿದೆ. ಹೆಸರೇ ದಾಖಲಾಗದ ಒಬ್ಬ ಬಡಗಿ, ಒಬ್ಬ ಕಮ್ಮಾರ, ಒಬ್ಬ ಬಣ್ಣದವನು ಈ ಲೋಕದಲ್ಲಿ ಬಿಟ್ಟುಹೋದ ಗುರುತು ಅದೊಂದೇ ಇರಬಹುದು. ಗಾಡಿಯ ಒಡೆಯ ಶ್ರೀಮಂತನೇ ಇರಲಿ, ಅದರಲ್ಲಿ ಉಳಿದಿರುವುದು ಕೆಲಸಗಾರನ ಬದುಕು. ಅದು ಸುಟ್ಟಾಗ ಆಗುವ ದುಃಖವನ್ನು ಐಹಿಕ ವ್ಯಾಮೋಹವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಗ್ರಂಥಗಳ ಅದೃಷ್ಟ ವಾಹನಗಳಿಗಿಲ್ಲ. ನಮ್ಮ ನೆರೆಯ ಮೂಡುಬಿದಿರೆಯಲ್ಲಿ ಜೈನರು ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾದಿಟ್ಟರು. ಕೊನೆಗೆ ಅವುಗಳ ಪ್ರತಿಗಳಾದವು, 1939ರಿಂದ ಅವು ಅಚ್ಚಿನಲ್ಲೂ ಬಂದವು. ಇನ್ನು ಗರಿಗೆ ಏನಾದರೂ ಆದರೂ ಮಾತು ಉಳಿಯುತ್ತದೆ. ಕುರ್‌ಆನನ್ನು ಹೃದಯದಲ್ಲಿ ಹೊತ್ತು ನಡೆಯುವವರ ವಿಷಯ ನಾನು ಹೇಳಬೇಕಾಗಿಲ್ಲ. ಆದರೆ ಒಂದು ಗಾಡಿಯನ್ನು ಬಾಯಿಪಾಠ ಮಾಡಲು ಯಾರಿಂದ ಸಾಧ್ಯ? ನಕ್ಷೆ ಬರೆದಿಡಬಹುದು, ಚಿತ್ರ ತೆಗೆದಿಡಬಹುದು. ಗಾಡಿ ಮಾತ್ರ ಒಂದೇ.

ಹಾಗಾದರೆ ಅದು ಸುಟ್ಟಾಗ "ವಿಧಿ" ಎಂದು ಸುಮ್ಮನಾಗಬಹುದೇ?

ಒಮ್ಮೆ ಮದೀನಾದಲ್ಲಿ ರಾತ್ರಿ ಹೊತ್ತು ಒಂದು ಮನೆ ಅದರಲ್ಲಿದ್ದವರ ಸಮೇತ ಸುಟ್ಟುಹೋಯಿತು. ಸುದ್ದಿ ಪ್ರವಾದಿಯವರಿಗೆ(ಸ) ತಲುಪಿತು. ವಿಧಿಯ ಮೇಲಿನ ವಿಶ್ವಾಸವನ್ನು ಲೋಕಕ್ಕೆ ಕಲಿಸಿದವರೇ ಅವರು. ಆದರೂ ಅಂದು ಅವರು ಬೆಂಕಿಯನ್ನು ಮನುಷ್ಯನ ವೈರಿ ಎಂದು ಕರೆದು, ಮಲಗುವ ಮುನ್ನ ಅದನ್ನು ಆರಿಸಬೇಕೆಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ಇದು ವರದಿಯಾಗಿದೆ. ಇನ್ನೊಂದು ವರದಿಯಲ್ಲಿ ಕಾರಣವನ್ನೂ ಬಿಡಿಸಿ ಹೇಳಿದ್ದಾರೆ. ದೀಪದ ಬತ್ತಿಯನ್ನು ಇಲಿ ಎಳೆದುಕೊಂಡು ಹೋಗಿ ಮನೆಯವರನ್ನು ಸುಟ್ಟುಬಿಡಬಹುದು.

ಓದುಗರೇ, ಈ ಇಲಿಯ ಬಗ್ಗೆ ಕೊಂಚ ಯೋಚಿಸಿ. ಆಕಾಶದ ತೀರ್ಮಾನಗಳ ಬಗ್ಗೆ ಮಾತನಾಡಬಹುದಾಗಿದ್ದ ಸಂದರ್ಭದಲ್ಲಿ ಪ್ರವಾದಿ(ಸ) ನೆಲದ ಮೇಲೆ ಓಡಾಡುವ ಒಂದು ಇಲಿಯನ್ನು ತೋರಿಸಿದರು. ಸಾಲಿಹಲ್‌ನ ಇಲಿ ಆ ಸಿಗರೇಟಿನ ತುಂಡು. ಯಲಹಂಕದಲ್ಲಿ, ಕತ್ತರಿಸದೆ ಬಿಟ್ಟ ಒಣಹುಲ್ಲು. ಒಂಟೆಯನ್ನು ಕಟ್ಟಿ ಆ ಬಳಿಕ ಅಲ್ಲಾಹನಲ್ಲಿ ಭರವಸೆಯಿಡಲು ಕಲಿಸಿದ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಸಿರಿಯಾದ ಕಡೆಗೆ ಹೊರಟಿದ್ದ ಖಲೀಫಾ ಉಮರ್(ರ) ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ದಾರಿಯಲ್ಲೇ ಹಿಂದಿರುಗಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂಬ ಪ್ರಶ್ನೆ ಬಂದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂಬ ಅರ್ಥದ ಉತ್ತರ ಕೊಟ್ಟರು. ಮುನ್ನೆಚ್ಚರಿಕೆಯೂ ವಿಧಿಯ ಒಳಗೇ ಇದೆ. ಬೇಲಿ ಕಟ್ಟದವನು, ದನ ನುಗ್ಗಿದ ಮೇಲೆ ವಿಧಿಯ ಹೆಸರು ಹೇಳಿದರೆ ತನ್ನ ತಪ್ಪನ್ನು ಸೃಷ್ಟಿಕರ್ತನ ಮೇಲೆ ಹೊರಿಸಿದಂತಾಗುತ್ತದೆ. ಹಾಗೆ ಹೇಳುವಾಗ ಅವನ ದನಿ ಎಷ್ಟೇ ವಿನಯದಿಂದ ಕೂಡಿರಲಿ.

ಅವಘಡದ ನಂತರ ಸಾಲಿಹಲ್‌ನವರು ಕಟ್ಟಡವನ್ನು ಮತ್ತೆ ಕಟ್ಟಿ 2004ರ ಡಿಸೆಂಬರಿನಲ್ಲಿ ತೆರೆದರು. ಈ ಸಲ ಛಾವಣಿಯಲ್ಲಿ ನೀರು ಚಿಮುಕಿಸುವ ವ್ಯವಸ್ಥೆಯನ್ನೂ ಅಳವಡಿಸಿದರು. ಅದರ ತತ್ವ ಸರಳ. ನೀರಿನ ಕೊಳವೆಯ ಬಾಯಿಗೆ ಒಂದು ಪುಟ್ಟ ಗಾಜಿನ ಬುರುಡೆ ಅಡ್ಡವಿರುತ್ತದೆ. ಸಾಮಾನ್ಯವಾಗಿ 68 ಡಿಗ್ರಿ ಶಾಖಕ್ಕೆ ಒಳಗಿನ ದ್ರವ ಉಬ್ಬಿ ಗಾಜು ಒಡೆಯುತ್ತದೆ, ಬೆಂಕಿ ಇದ್ದಲ್ಲಿ ಮಾತ್ರ ನೀರು ಬೀಳುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಇಡೀ ಕಟ್ಟಡದಲ್ಲಿ ಒಮ್ಮೆಲೇ ಮಳೆ ಸುರಿಯುವುದಿಲ್ಲ. ಇದರ ಜೊತೆಗೆ ಪ್ರದರ್ಶನಕ್ಕಿಟ್ಟ ಗಾಡಿಯ ಪೆಟ್ರೋಲ್ ಖಾಲಿ ಮಾಡುವುದು, ಬ್ಯಾಟರಿಯ ತಂತಿ ಬಿಡಿಸುವುದು, ರಾತ್ರಿ ವಿದ್ಯುತ್ ಕಡಿತಗೊಳಿಸುವುದು. ಮಲಗುವ ಮುನ್ನ ದೀಪ ಆರಿಸಿ ಎಂಬುದಕ್ಕಿಂತ ಇದು ಬೇರೆ ಉಪದೇಶವೇ?

ಇದನ್ನು ಬರೆಯುವಾಗ ನಮ್ಮ ಎಷ್ಟೋ ಮಸೀದಿಗಳ ಹಳೆಯ ಕಪಾಟುಗಳು ಕಣ್ಣ ಮುಂದೆ ಬರುತ್ತವೆ. ಒಳಗೆ ಅರಬಿ ಮಲಯಾಳ ಲಿಪಿಯ ಹಳೆಯ ಕಿತಾಬುಗಳು, ಮೇಲೆ ನಾಲ್ಕು ಕಡೆ ತೇಪೆ ಹಾಕಿದ ವಿದ್ಯುತ್ ತಂತಿ. ಅಲ್ಲಿ ಇಲಿಯೂ ಇದೆ!

ಈಗ ನ್ಯೂರೆಂಬರ್ಗ್ ಕತೆ. ಜರ್ಮನಿಯಲ್ಲಿ ಉಗಿ ಎಂಜಿನ್ನಿನ ಮೊದಲ ರೈಲು 1835ರ ಡಿಸೆಂಬರ್ 7ರಂದು ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ ಓಡಿತು. ಎಂಜಿನ್ನಿನ ಹೆಸರು 'ಆಡ್ಲರ್', ಅಂದರೆ ಹದ್ದು. 2005ರ ಅಕ್ಟೋಬರ್ 17ರಂದು ಅಲ್ಲಿನ ರೈಲ್ವೆ ಸಂಗ್ರಹಾಲಯದ ಎಂಜಿನ್ ಶೆಡ್ಡಿಗೆ ಬೆಂಕಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಐತಿಹಾಸಿಕ ಎಂಜಿನು, ಬೋಗಿಗಳು ಹಾಳಾದಾಗ ಆಡ್ಲರ್ ಕೂಡ ಸುಟ್ಟಿತು. ದೇಶವೇ ಮರುಗಿತು. ಆದರೆ ಅಂದು ಸುಟ್ಟದ್ದು 1835ರ ಎಂಜಿನ್ ಅಲ್ಲ, ನೂರನೇ ವರ್ಷದ ನೆನಪಿಗೆಂದು 1935ರಲ್ಲಿ ಮಾಡಿದ ಪ್ರತಿರೂಪ! ನಿಜವಾದ ಆಡ್ಲರನ್ನು 1857ರಲ್ಲಿ, ಹಳತಾಯಿತೆಂದು, ಮಾರಿಬಿಟ್ಟಿದ್ದರು. ಆ ದಿನ ಯಾರೂ ಅಳಲಿಲ್ಲ. ಸುಟ್ಟ ಪ್ರತಿರೂಪವನ್ನು ದುರಸ್ತಿ ಮಾಡಿ 2007ರಲ್ಲಿ ಮತ್ತೆ ಓಡಿಸಿದರು. ಮಕ್ಕಳು ಅದನ್ನು ನೋಡಿ ನಲಿಯುತ್ತಾರೆ, ಅದು ಒಳ್ಳೆಯದೇ. ಆದರೆ 1835ರ ಕಮ್ಮಾರನ ಸುತ್ತಿಗೆಯ ಗುರುತು ಅದರಲ್ಲಿಲ್ಲ. ಅದನ್ನು ಕಳೆದದ್ದು ಬೆಂಕಿಯಲ್ಲ, ಉದಾಸೀನ.

ಹೀಗಿರುವಾಗ ನ್ಯೂರೆಂಬರ್ಗಿನವರನ್ನು ಮಾತ್ರ ದೂರಿ ಫಲವಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಎತ್ತಿನ ಗಾಡಿಯಲ್ಲಿ ಉಪ್ಪು, ಒಣಮೀನು ಹೇರಿಕೊಂಡು ಊರೂರು ತಿರುಗಿ ಬದುಕು ಕಟ್ಟಿದವರು. ಬಂಟ್ವಾಳದ ಪೇಟೆಯಿಂದ ಘಟ್ಟದ ಬುಡದವರೆಗೆ ಆ ಗಾಡಿಗಳ ಸಾಲು ಸಾಗುತ್ತಿದ್ದ ಕಾಲವಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದಾದಾಗ ಇದ್ದಿಲಿನ ಅನಿಲದಿಂದ ಓಡಿದ ಬಸ್ಸುಗಳನ್ನು ಕಂಡವರು ಈಗ ಬೆರಳೆಣಿಕೆಯಷ್ಟು ಉಳಿದಿರಬಹುದು. ಆ ಗಾಡಿಗಳೆಲ್ಲ ಏನಾದವು? ಅವುಗಳಿಗೂ ಬೆಂಕಿಯೇ ಗತಿಯಾಯಿತು. ಸಂಗ್ರಹಾಲಯದ ಬೆಂಕಿಯಲ್ಲ, ಬಚ್ಚಲೊಲೆಯ ಬೆಂಕಿ. ಚಕ್ರದ ಅರಗಳು ಒಂದೊಂದಾಗಿ ಸ್ನಾನದ ನೀರು ಕಾಯಿಸಿದವು, ಕಬ್ಬಿಣದ ಪಟ್ಟಿ ಗುಜರಿಗೆ ಹೋಯಿತು. ಬಡತನದಲ್ಲಿ ಹಾಗೆ ಮಾಡಿದವರನ್ನು ನಾನು ದೂರಲಾರೆ. ಸೌದೆ ಬೇಕಿತ್ತು. ಆದರೆ ಗಲ್ಫಿನ ಹಣ ಬಂದು ತಾರಸಿ ಮನೆ ಎದ್ದ ಮೇಲೂ, ಅಂಗಳದ ಮೂಲೆಯಲ್ಲಿ ಉಳಿದಿದ್ದ ಕೊನೆಯ ನೊಗವನ್ನು ಕಸವೆಂದು ಎಸೆದವರು ನಾವೇ ಅಲ್ಲವೇ?

ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹಳೆಯ ಕಾರು ನೋಡಲು ಹೋದಾಗ ಒಮ್ಮೆ ತಲೆಯೆತ್ತಿ ಛಾವಣಿಯನ್ನೂ ನೋಡಿ. ಗೋಡೆಯಲ್ಲಿ ಅಗ್ನಿಶಾಮಕ ಸಾಧನ ಇದೆಯೇ, ಅದರ ಅವಧಿ ಮುಗಿದಿದೆಯೇ ಎಂದು ಮಕ್ಕಳಿಂದಲೇ ಓದಿಸಿ. ಮನೆಗೆ ಮರಳಿ ಬಂದ ಮೇಲೆ, ಅಜ್ಜಿ ಬದುಕಿದ್ದರೆ, ಅಜ್ಜನ ಗಾಡಿಯ ಬಗ್ಗೆ ಕೇಳಿ. ಎತ್ತುಗಳ ಹೆಸರು ಅವರಿಗೆ ನೆನಪಿರುತ್ತದೆ.