ವಿಭಾಗದ ಬಾಗಿಲವರೆಗೆ

ಸೌಲಭ್ಯ ಇದೆ ಎನ್ನುವ ಮಾತು ಕಿವಿಗೆ ಬಿದ್ದಾಗ, ಅದು ಯಾರ ಕೈಗೆ ಸೇರಿದೆ ಎಂದು ಕೇಳಿಕೊಳ್ಳುವ ವ್ಯವಧಾನ ಬೆಳಗಿನ ಹೊತ್ತಿನಲ್ಲಿ ಮಾತ್ರ ಸಿಗುತ್ತದೇನೋ. ದಿನ ಏರಿದ ಮೇಲೆ ಸುತ್ತೋಲೆ, ವರದಿ, ಸಭೆಗಳದ್ದೇ ಕಾರುಬಾರು. ಅಣೆಕಟ್ಟು ತುಂಬಿತೆಂದು ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ಕಾಲುವೆಯ ಕೊನೆಭಾಗದ ರೈತನ ಗದ್ದೆ ತೊಯ್ದಿರುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ಸಿಗುವ ತಂತ್ರಜ್ಞಾನ ಸೇವೆಗಳ ವಿಷಯದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಂಥ ಕೊನೆಯ ಕಡೆಯಲ್ಲೇ: ಕನ್ನಡ ವಿಭಾಗ, ಇತಿಹಾಸ ವಿಭಾಗ, ಜಾನಪದ ವಿಭಾಗ.

ದೇಶ ಕೊಟ್ಟದ್ದು ಕಡಿಮೆಯೇನಲ್ಲ, ಅದನ್ನು ಮೊದಲು ಕೃತಜ್ಞತೆಯಿಂದ ಹೇಳಬೇಕು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಪಡೆದು ಅರ್ನೆಟ್ ಜಾಲವನ್ನು ಕಟ್ಟಲು ಹೊರಟಾಗ ಜೊತೆಗಿದ್ದದ್ದು ಬೆರಳೆಣಿಕೆಯ ಸಂಸ್ಥೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್‌ನಲ್ಲಿ; ವಿದ್ವಾಂಸರ ಪತ್ರಗಳು ಅದಕ್ಕೂ ಮೊದಲೇ ತಂತಿಯ ಮೇಲೆ ಓಡಾಡುತ್ತಿದ್ದವು. ಗ್ರಂಥಾಲಯಗಳನ್ನು ಬೆಸೆಯಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 1991ರಲ್ಲಿ ಯೋಜನೆಯಾಗಿ ಶುರು ಮಾಡಿದ ಇನ್‌ಫ್ಲಿಬ್‌ನೆಟ್ 1996ರಲ್ಲಿ ಸ್ವತಂತ್ರ ಕೇಂದ್ರವಾಯಿತು, ಈಗ ಗುಜರಾತಿನ ಗಾಂಧಿನಗರದಲ್ಲಿದೆ. 2010ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಜ್ಞಾನ ಜಾಲ ವಿಶ್ವವಿದ್ಯಾಲಯಗಳ ಅಂಗಳಕ್ಕೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕ ತಂದಿತು. ಇತ್ತೀಚಿನದೆಂದರೆ ‘ಒಂದು ರಾಷ್ಟ್ರ, ಒಂದು ಚಂದಾ’. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ವಿದ್ವತ್ ಪತ್ರಿಕೆಗಳು. 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇವನ್ನು ತಾನು ಹಣ ಕೊಡದೆ ಓದಬಹುದು. ಒಂದೊಂದು ಲೇಖನದ ನೆರಳಚ್ಚಿಗಾಗಿ ದೊಡ್ಡ ಊರಿನ ಗ್ರಂಥಾಲಯಕ್ಕೆ ಬಸ್ಸು ಹತ್ತುತ್ತಿದ್ದ ಪೀಳಿಗೆಯವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು.

ಕೇಬಲ್ಲು ಅಂಗಳದವರೆಗೆ ಬಂತು. ಅಲ್ಲಿಂದ ವಿಭಾಗದ ಮೇಜಿನವರೆಗಿನ ದೂರವನ್ನು ಕ್ರಮಿಸಬೇಕಾದವರು ಮನುಷ್ಯರು.

ಬೆಳಗ್ಗೆ ಹತ್ತಕ್ಕೆ ಅಟೆಂಡರ್ ಬೀಗ ತೆಗೆದು ಯುಪಿಎಸ್ ಗುಂಡಿ ಒತ್ತುತ್ತಾರೆ. ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿರುವ ಸ್ವಿಚ್ ಕೆಟ್ಟಿದ್ದರೆ ಇಡೀ ಮಹಡಿಗೆ ಆ ದಿನ ನೆಟ್ ಇಲ್ಲ. ಸಂಶೋಧನಾ ಯೋಜನೆಗಳ ಹಣವಿರುವ ವಿಜ್ಞಾನ ವಿಭಾಗವಾದರೆ ಸಂಜೆಯೊಳಗೆ ದಾರಿ ಹುಡುಕಿಕೊಳ್ಳುತ್ತದೆ. ಅಂಥ ಹಣವಿಲ್ಲದ ವಿಭಾಗದ ಮುಖ್ಯಸ್ಥರು ಕುಲಸಚಿವರಿಗೆ ಪತ್ರ ಬರೆಯಬೇಕು. ಅದು ಕಂಪ್ಯೂಟರ್ ಕೇಂದ್ರಕ್ಕೆ ಹೋಗಿ, ವಾರ್ಷಿಕ ನಿರ್ವಹಣಾ ಗುತ್ತಿಗೆಯಲ್ಲಿ ಈ ಸ್ವಿಚ್ ಸೇರಿದೆಯೋ ಇಲ್ಲವೋ ಎಂದು ತೀರ್ಮಾನವಾಗಿ, ಸೇರಿಲ್ಲದಿದ್ದರೆ ಕೊಟೇಶನ್ ಕರೆದು ಬರಬೇಕು. ಇದರಲ್ಲಿ ಯಾರದೂ ಕೇಡಿನ ಬುದ್ಧಿ ಇಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಇರಲೇಬೇಕು. ಆದರೆ ಕಾಯಬಲ್ಲದ್ದು ಯಾವುದು, ಕಾಯಲಾರದ್ದು ಯಾವುದು ಎಂದು ಬೇರ್ಪಡಿಸುವ ವ್ಯವಸ್ಥೆ ಇಲ್ಲದ ಕಡೆ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಕೊನೆಗೆ ಒಬ್ಬ ಹುಡುಗನೋ ಹುಡುಗಿಯೋ ಸ್ಕ್ರೂಡ್ರೈವರ್ ಹಿಡಿದು ಬರುತ್ತಾರೆ. ಬಹಳ ಕಡೆ ಅವರದು ಹೊರಗುತ್ತಿಗೆಯ ಕೆಲಸ. ಯಾವ ಗೋಡೆಯಲ್ಲಿ ಯಾವ ವೈರು ಹೋಗಿದೆ, ಯಾವ ಮೇಷ್ಟ್ರ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಟಿಪ್ಪಣಿ ಕೂತಿದೆ, ಯಾವುದನ್ನು ಫಾರ್ಮ್ಯಾಟ್ ಮಾಡುವ ಮುನ್ನ ಎರಡು ಸಲ ಕೇಳಬೇಕು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಗುತ್ತಿಗೆ ಬದಲಾದಾಗ ಆ ತಿಳಿವಳಿಕೆಯೂ ಅವರ ಜೊತೆ ಗೇಟು ದಾಟಿ ಹೋಗುತ್ತದೆ. ಯಂತ್ರಗಳಿಗೆ ದಾಸ್ತಾನು ಪುಸ್ತಕವಿದೆ. ಈ ತಿಳಿವಳಿಕೆಗೆ ಇಲ್ಲ. ವಿಶ್ವವಿದ್ಯಾಲಯವೊಂದು ತನ್ನ ತಂತ್ರಜ್ಞಾನ ವೆಚ್ಚದಲ್ಲಿ ಯಾವುದನ್ನು ಕಡೆಗಣಿಸಬಾರದೋ ಅದನ್ನೇ ಕಡೆಗಣಿಸುತ್ತಿದೆ ಎಂದು ನನಗೆ ನೋವಾಗುವುದು ಇಲ್ಲಿ.

ಕನ್ನಡ ವಿಭಾಗಗಳಿಗೆ ದಶಕಗಳ ಕಾಲ ನಿಜವಾದ ತಾಂತ್ರಿಕ ನೆರವು ಸಿಕ್ಕಿದ್ದು ವಿಶ್ವವಿದ್ಯಾಲಯದ ಒಳಗಿಂದಲ್ಲ, ಗೇಟಿನ ಎದುರಿನ ಡಿಟಿಪಿ ಅಂಗಡಿಯಿಂದ. ಧಾರವಾಡವಿರಲಿ, ಮೈಸೂರಿರಲಿ, ಸಂಶೋಧಕರು ಹಸ್ತಪ್ರತಿಯ ಕಟ್ಟು ಹಿಡಿದು ಹೋಗುತ್ತಿದ್ದದ್ದು ಅಲ್ಲಿಗೆ. ಅಲ್ಲಿ ಕೂತವರು ಹಳಗನ್ನಡದ ಪದ್ಯವನ್ನು, ಶಾಸನದ ಪಾಠವನ್ನು, ತ್ರಿಪದಿಯನ್ನು ಒತ್ತಕ್ಷರ ತಪ್ಪದಂತೆ ಬೆರಳಚ್ಚು ಮಾಡಿಕೊಟ್ಟರು. ಎಷ್ಟೋ ಪಿಎಚ್‌.ಡಿ. ಪ್ರಬಂಧಗಳ ಕೃತಜ್ಞತೆಯ ಪುಟದ ಕೊನೆಯಲ್ಲಿ ಅವರ ಹೆಸರಿದೆ. ಆ ಹೆಸರುಗಳನ್ನು ನಾನು ಗೌರವದಿಂದ ಓದುತ್ತೇನೆ. ಬೆಳಗಿನ ಜಾವದವರೆಗೆ ಕೂತು ಪರಿವಿಡಿ ತಿದ್ದಿಕೊಟ್ಟ ಆ ಜನರಿಲ್ಲದೆ ಕನ್ನಡದ ಒಂದು ಇಡೀ ಕಾಲದ ಸಂಶೋಧನೆ ಕಾಗದದ ಮೇಲೆ ಬರುತ್ತಿರಲಿಲ್ಲ.

ಆದರೆ ಆ ಕಾಲದ ತಂತ್ರದಲ್ಲೇ ಒಂದು ಮಿತಿ ಇತ್ತು. ಕನ್ನಡ ಬರೆಯುವ ‘ಬರಹ’ ತಂತ್ರಾಂಶ 1998ರಲ್ಲಿ ಬಂತು, ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕನ್ನಡಕ್ಕೆ ಇವೆರಡೂ ಮಾಡಿದ ಉಪಕಾರ ದೊಡ್ಡದು. ಪುಟವಿನ್ಯಾಸಕ್ಕೆ ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ ಮಾತ್ರ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲ. ಹಾಗಾಗಿ ಅಚ್ಚಿನ ಲೋಕ ಹಳೆಯ ಬಗೆಯ ಫಾಂಟುಗಳಲ್ಲೇ ಉಳಿಯಿತು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ನೆನಪಿನಲ್ಲಿರುವುದು ರೋಮನ್ ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಎಂದು ಬರೆದರೆ ಅದರ ಒಡಲು ಇಂಗ್ಲಿಷಿನ ‘ಪಿ’ ಅಕ್ಷರದ ಜಾಗದಲ್ಲಿ ಕೂರುತ್ತದೆ, ತಲಕಟ್ಟು ಇನ್ನೊಂದು ಚಿಹ್ನೆಯ ಜಾಗದಲ್ಲಿ. ಮುದ್ರಿಸಿದಾಗ ಎಲ್ಲವೂ ಸರಿ. ಹುಡುಕಲು ಹೋದಾಗ ಅಲ್ಲಿ ಕನ್ನಡವೇ ಇಲ್ಲ.

2009ರಲ್ಲಿ ಯುಜಿಸಿ ನಿಯಮ ಮಾಡಿತು: ಪಿಎಚ್‌.ಡಿ. ಘೋಷಣೆಯಾದ ಮೂವತ್ತು ದಿನದೊಳಗೆ ಪ್ರಬಂಧದ ಗಣಕ ಪ್ರತಿಯನ್ನು ಒಪ್ಪಿಸಬೇಕು. ಅವು ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರಕ್ಕೆ ಸೇರಿದವು. ಇಂದು ಅಲ್ಲಿ ಲಕ್ಷಾಂತರ ಪ್ರಬಂಧಗಳಿವೆ, ಅಧ್ಯಾಯವಾರು ಬಿಡಿಸಿ ಇಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಕರ್ನಾಟಕದ ವಿಶ್ವವಿದ್ಯಾಲಯಗಳ ಕನ್ನಡ ಪ್ರಬಂಧಗಳೂ ಅಲ್ಲಿವೆ. ಆದರೆ ಹಳೆಯ ಫಾಂಟಿನಲ್ಲಿದ್ದವು, ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಸೇರಿಸಿದವು ಕಣ್ಣಿಗೆ ತೆರೆದುಕೊಳ್ಳುತ್ತವೆ, ಹುಡುಕಾಟಕ್ಕೆ ತೆರೆದುಕೊಳ್ಳುವುದಿಲ್ಲ. ವಿಜಯಪುರದಲ್ಲಿ ಕೂತ ವಿದ್ಯಾರ್ಥಿನಿಯೊಬ್ಬಳು ಗೀಗೀ ಮೇಳಗಳ ಬಗ್ಗೆ ಕೆಲಸ ಶುರು ಮಾಡುತ್ತಾಳೆ ಎಂದುಕೊಳ್ಳೋಣ. ಶೀರ್ಷಿಕೆಯಲ್ಲಿ ಆ ಪದ ಇದ್ದರೆ ಅವಳಿಗೆ ಪ್ರಬಂಧ ಸಿಗುತ್ತದೆ. ಬೇರೆ ವಿಷಯದ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ, ಯಾವುದೋ ಹಳ್ಳಿಯ ಹಿರಿಯ ಗಾಯಕರು ಹೇಳಿದ್ದನ್ನು ಒಬ್ಬರು ಇಪ್ಪತ್ತು ಪುಟ ಬರೆದಿಟ್ಟಿದ್ದರೆ ಅದು ಅವಳಿಗೆ ಸಿಗುವುದೇ ಇಲ್ಲ. ಹೇಳಿದ ಗಾಯಕರು ತೀರಿಕೊಂಡಿರಬಹುದು. ಬರೆದವರು ನಿವೃತ್ತರಾಗಿರಬಹುದು. ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಕ್ಕೂ ಇದೇ ಕುರುಡು. ಓದಲಾಗದ್ದನ್ನು ಅದು ಹೋಲಿಸುವುದು ಹೇಗೆ? ಪ್ರಾಮಾಣಿಕವಾಗಿ ದುಡಿದವರ ಶ್ರಮಕ್ಕೆ ಅಲ್ಲಿ ಕಾವಲಿಲ್ಲ.

ಇದು ಬಗೆಹರಿಯದ ಕಷ್ಟವೇನಲ್ಲ. ವಚನ ಸಂಚಯವನ್ನು ನೋಡಿ. ಓಂಶಿವಪ್ರಕಾಶ್ ಮತ್ತು ಗೆಳೆಯರು, ವಿದ್ವಾಂಸ ಓ.ಎಲ್. ನಾಗಭೂಷಣ ಸ್ವಾಮಿ, ಲೇಖಕ ವಸುಧೇಂದ್ರ ಇವರೆಲ್ಲ ಸೇರಿ ವಚನಗಳ ಪಠ್ಯವನ್ನು ಯೂನಿಕೋಡ್‌ಗೆ ತಂದು, ಒಂದು ಪದ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಯಾರು ಬೇಕಾದರೂ ನೋಡುವಂತೆ ಮಾಡಿದರು. ಸ್ವಂತ ಆಸಕ್ತಿಯಿಂದ ನಡೆದ ಕೆಲಸ ಅದು. ಪದಪ್ರಯೋಗಕೋಶಕ್ಕಾಗಿ ಒಬ್ಬ ವಿದ್ವಾಂಸ ಜೀವಮಾನದ ಅರ್ಧ ಕಳೆಯಬೇಕಿದ್ದ ಕಡೆ ಈಗ ವಿದ್ಯಾರ್ಥಿಯೂ ನಿಮಿಷದಲ್ಲಿ ಉತ್ತರ ಪಡೆದು, ಉಳಿದ ಹೊತ್ತನ್ನು ಆಲೋಚನೆಗೆ ಕೊಡಬಹುದು.

ಇಂಥದ್ದು ವಿಶ್ವವಿದ್ಯಾಲಯದ ಒಳಗೇ ಏಕೆ ಆಗಬಾರದು? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೇವಾ ಕೇಂದ್ರದಲ್ಲಿದ್ದ ಲೂ ಬರ್ನಾರ್ಡ್ 1976ರಲ್ಲೇ ಸಾಹಿತ್ಯ ಪಠ್ಯಗಳ ಗಣಕ ಭಂಡಾರವೊಂದನ್ನು ಶುರು ಮಾಡಿದ್ದರು. ಕಂಪ್ಯೂಟರ್ ಕೇಂದ್ರದವರು ಭಾಷಾ ವಿಭಾಗದ ಕೆಲಸವನ್ನೂ ತಮ್ಮದೆಂದುಕೊಂಡ ಉದಾಹರಣೆ ಅದು. ನಮ್ಮ ಪ್ರತಿ ವಿಶ್ವವಿದ್ಯಾಲಯದಲ್ಲೂ ಮಾನವಿಕ ವಿಭಾಗಗಳಿಗೆಂದೇ ಒಬ್ಬ ಕಾಯಂ ತಾಂತ್ರಿಕ ಸಿಬ್ಬಂದಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಫಾಂಟು ಪರಿವರ್ತನೆ, ತಾಳೆಗರಿಯ ಚಿತ್ರಗಳನ್ನು ಕೆಡದಂತೆ ಕಾಪಿಡುವುದು, ಕ್ಷೇತ್ರಕಾರ್ಯದ ಹಳೆಯ ಕ್ಯಾಸೆಟ್ಟುಗಳನ್ನು ಗಣಕಕ್ಕೆ ತರುವುದು, ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಕನ್ನಡ ಓಸಿಆರ್ ಮಾಡಿದ ತಪ್ಪುಗಳನ್ನು ತಿದ್ದಿಸುವುದು ಇವೆಲ್ಲ ಬಲ್ಲವರು ಬೇಕು. ಹೊಸ ಕಟ್ಟಡ, ಹೊಸ ಪ್ರಯೋಗಾಲಯಗಳಿಗಿಂತ ಮೊದಲು ಈ ಒಂದು ಹುದ್ದೆ.

ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯೇ ಯೂನಿಕೋಡ್ ಬರವಣಿಗೆಗೂ ಇದೆ, ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಹಳೆಯ ನುಡಿ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿವೆ. ಮೊದಲ ಅಧ್ಯಾಯ ಬರೆಯುವ ದಿನವೇ ವಿದ್ಯಾರ್ಥಿಗೆ ಯೂನಿಕೋಡ್ ಬರವಣಿಗೆಯನ್ನು ಹೇಳಿಕೊಡುವ ಮಾರ್ಗದರ್ಶಕರು ಆ ಪ್ರಬಂಧದ ಆಯುಷ್ಯವನ್ನು ಹೆಚ್ಚಿಸುತ್ತಾರೆ. ಊರಿನಲ್ಲಿ ಕೂತೇ ವಿಶ್ವವಿದ್ಯಾಲಯದ ಲಾಗಿನ್‌ನಿಂದ ವಿದ್ವತ್ ಪತ್ರಿಕೆಗಳನ್ನು ಓದಲು ಇನ್‌ಫ್ಲಿಬ್‌ನೆಟ್ ‘ಇನ್‌ಫೆಡ್’ ಎಂಬ ವ್ಯವಸ್ಥೆ ಮಾಡಿದೆ. ನಿಮ್ಮ ವಿಶ್ವವಿದ್ಯಾಲಯ ಅದಕ್ಕೆ ಸೇರಿದೆಯೇ ಎಂದು ಗ್ರಂಥಪಾಲಕರನ್ನು ಒಂದು ಮಾತು ಕೇಳಿ.

ಇನ್ನೊಂದು ವಿನಂತಿ, ಹಳೆಯ ಫಾಂಟುಗಳ ಆ ವರ್ಷಗಳಲ್ಲಿ ಕನ್ನಡದಲ್ಲಿ ಪ್ರಬಂಧ ಬರೆದವರಿಗೆ. ನಿಮ್ಮ ಕಪಾಟಿನಲ್ಲಿ ಒಂದು ಸಿಡಿ ಇರಬಹುದು, ಹಳೆಯ ಪೆನ್‌ಡ್ರೈವ್ ಇರಬಹುದು, ಬೆರಳಚ್ಚು ಮಾಡಿಕೊಟ್ಟ ಅಂಗಡಿಯವರ ಬಳಿಯಾದರೂ ಕಡತ ಉಳಿದಿರಬಹುದು. ಸಿಡಿಗಳು ಹೆಚ್ಚು ಕಾಲ ಬಾಳುವುದಿಲ್ಲ, ಅವನ್ನು ಓದುವ ಯಂತ್ರಗಳು ಈಗಲೇ ಅಪರೂಪ. ಇವತ್ತೇ ಅದನ್ನು ಹುಡುಕಿ ತೆಗೆಯಿರಿ, ಯೂನಿಕೋಡ್‌ಗೆ ಬದಲಿಸಿ, ಒಂದು ಪ್ರತಿಯನ್ನು ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ. ಬದಲಿಸಲು ಬಾರದಿದ್ದರೆ ಇದ್ದ ಹಾಗೆಯೇ ಕೊಟ್ಟು, ಯಾವ ಫಾಂಟಿನಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.