ಸೇವೆಯ ವಾರಕ್ಕೆ ಅಳತೆ ಯಾವುದು?

ಅಮೇರಿಕದ ಮಾರ್ಮನ್ ಪಂಥದಲ್ಲಿ ಒಂದು ರೂಢಿಯುಂಟು. ಉದ್ಯೋಗದಿಂದ ನಿವೃತ್ತರಾಗಿ ಮಕ್ಕಳ ಭಾರ ಇಳಿದ ಮೇಲೆ ಗಂಡಹೆಂಡಿರಿಬ್ಬರೂ ಸ್ವಂತ ಖರ್ಚಿನಿಂದ ಪರದೇಶಕ್ಕೆ ಹೋಗಿ, ಆರು ತಿಂಗಳಿನಿಂದ ಎರಡು ವರುಷಗಳ ತನಕ ಅಲ್ಲಿಯೇ ನಿಂತು, ಧರ್ಮದ ಹಾಗೂ ಪರೋಪಕಾರದ ಕೆಲಸ ಮಾಡುತ್ತಾರೆ. ಇಂಥ ಹಿರಿಯ ದಂಪತಿಗಳು ತಮ್ಮ ಊರಿನವರಿಗೆ ಬರೆಯುವ ಒಕ್ಕಣೆಗಳಲ್ಲಿ ಬಹುಮಟ್ಟಿಗೆ ಒಂದು ವಾರದ ದಿನಚರಿಯಿರುತ್ತದೆ. ಸೋಮವಾರ ಇಂಥ ಶಾಲೆಗೆ ಹೋಗಿ ಬಂದೆವು, ಮಂಗಳವಾರ ಇಂತಿಷ್ಟು ಮನೆಗಳನ್ನು ಕಂಡೆವು, ಗುರುವಾರ ಬಾವಿಯ ಕೆಲಸ ನೋಡಿದೆವು, ರವಿವಾರ ಪ್ರಾರ್ಥನೆ ನಡೆಯಿತು, ಬಿಡುವೇ ಇಲ್ಲದ ವಾರವಾಯಿತು, ಎಂಬ ಧಾಟಿ.

ನಮ್ಮಲ್ಲಿ ಅರವತ್ತು ದಾಟಿದವರು ಪಿಂಚಣಿಯ ಕಾಗದಗಳನ್ನು ಹೊಂದಿಸಿಕೊಂಡು ಕಟ್ಟೆಯ ಮೇಲೆ ಕುಳಿತುಕೊಳ್ಳುವ ಹೊತ್ತಿಗೆ, ಅವರು ಸಮುದ್ರ ದಾಟಿ ಅರಿಯದ ಊರಿನಲ್ಲಿ ಮನೆ ಹೂಡುತ್ತಾರೆ. ಇದಕ್ಕೆ ಗೌರವ ಸಲ್ಲಲೇಬೇಕು. ಆದರೆ ಆ ದಿನಚರಿಯನ್ನು ಓದುತ್ತ ಹೋದಂತೆ ಮನಸ್ಸಿನಲ್ಲಿ ಒಂದು ಅಳುಕೂ ಮೂಡುತ್ತದೆ. ಸೇವೆ ಮಾಡಿದವರ ಏಳು ದಿನಗಳು ಅದರಲ್ಲಿ ಕಾಣುತ್ತವೆ. ಸೇವೆ ಮಾಡಿಸಿಕೊಂಡವರ ಏಳು ದಿನಗಳು ಹೇಗೆ ಕಳೆದವು? ಅದರ ಸುಳಿವು ಅಲ್ಲಿ ಸಿಕ್ಕುವುದು ಅಪೂರ್ವ. ವಾರವು ತುಂಬಿತ್ತೆಂದ ಮಾತ್ರಕ್ಕೆ ಸೇವೆಯೂ ತುಂಬಿತ್ತೆ? ಇದೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಸಾಂಗಲಿ-ಮಿರಜಗಳಲ್ಲಿರುವ ನಾವು ದೂರ ಹೋಗಬೇಕಾಗಿಲ್ಲ. ೧೮೮೯ರಲ್ಲಿ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ಇಪ್ಪತ್ತನಾಲ್ಕರ ತರುಣ ವೈದ್ಯರು ತಮ್ಮ ಪತ್ನಿ ಮೇರಿಯವರೊಡನೆ ಈ ಭಾಗಕ್ಕೆ ಬಂದರು. ಹುಟ್ಟಿದ್ದು ಕೆನಡಾದಲ್ಲಿ, ಕಳುಹಿಸಿದ್ದು ಅಮೇರಿಕದ ಪ್ರೆಸ್ಬಿಟೀರಿಯನ್ ಮಿಶನ್. ಮೊದಲು ಸಾಂಗಲಿಯಲ್ಲಿ ಚಿಕ್ಕದೊಂದು ದವಾಖಾನೆ ನಡೆಯಿತು. ಆಮೇಲೆ ಅವರು ಮಿರಜಕ್ಕೆ ಬಂದರು. ೧೮೯೪ರಲ್ಲಿ ಅಲ್ಲಿ ಆಸ್ಪತ್ರೆ ತೆರೆಯಿತು. ಎರಡೂ ಊರುಗಳು ಆಗ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ಮಿರಜವು ರೈಲು ಕೂಡುವ ಊರು. ಆದುದರಿಂದ ರೋಗಿಗಳು ಕೊಲ್ಲಾಪುರದ ಕಡೆಯಿಂದಲೂ ಬೆಳಗಾವಿಯ ಕಡೆಯಿಂದಲೂ ಬರತೊಡಗಿದರು. ಕಣ್ಣಿನ ಪೊರೆ ತೆಗೆಯುವುದರಲ್ಲಿ ವಾನ್ಲೆಸ್ ಅವರ ಕೈ ಪ್ರಸಿದ್ಧವಾಯಿತು. ಅಥಣಿ, ಚಿಕ್ಕೋಡಿ, ರಾಯಬಾಗಗಳ ಮುದುಕರಿಗೆ ಇಂದಿಗೂ 'ಮಿರಜ ದವಾಖಾನೆ' ಎಂದರೆ ಸಾಕು, ಬೇರೆ ವಿಳಾಸ ಬೇಕಿಲ್ಲ.

ಆ ದಂಪತಿಗಳ ಒಂದು ವಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದು ಇಲಾಖೆಯ ತುಂಬ ಹಬ್ಬಿತು. ೧೮೯೯-೧೯೦೦ರಲ್ಲಿ ಕ್ಷಾಮ ಬಂದಿತು. ಅಂಥ ದಿನಗಳಲ್ಲಿ ಆಸ್ಪತ್ರೆಯೆಂದರೆ ರೋಗಿಯೊಬ್ಬನೇ ಅಲ್ಲ; ಅವನ ಹಿಂದೆ ಮಡದಿ, ಮಕ್ಕಳು, ಬುತ್ತಿಯ ಗಂಟು, ಮೂರು ಕಲ್ಲಿನ ಒಲೆ, ಎಲ್ಲವೂ ಆವಾರಕ್ಕೆ ಬರುತ್ತವೆ. ಅಂಥ ವಾರದಲ್ಲಿ ವಾರಗಳ ಹೆಸರೇ ಮರೆತುಹೋಗುತ್ತಿರಬೇಕು. ಮೇರಿಯವರು ೧೯೦೬ರಲ್ಲಿ ತೀರಿಕೊಂಡರು. ಅವರ ಹೆಸರು ಕೊಲ್ಲಾಪುರದ ಆಸ್ಪತ್ರೆಯಲ್ಲಿ ನಿಂತಿದೆ. ಮರುವರುಷ ವಾನ್ಲೆಸ್ ಅವರು ಎರಡನೆಯ ಮದುವೆಯಾದರು. ಲಿಲಿಯನ್ ಎಂಬವರು ಅವರೊಡನೆ ಕೊನೆಯ ತನಕ ಬಾಳಿದರು. ೧೯೨೮ರಲ್ಲಿ, ಅರವತ್ಮೂರನೆಯ ವಯಸ್ಸಿನಲ್ಲಿ, ಅವರು ನಿವೃತ್ತರಾದರು. 'ಸರ್' ಪದವಿಯೂ ಅದೇ ವರುಷ ಬಂದಿತು. ೧೯೩೩ರಲ್ಲಿ ಅವರು ಕಾಲವಾದರು.

ಇಷ್ಟು ಹೇಳಿದೊಡನೆ ಶಿಕ್ಷಕರ ಕೋಣೆಯಲ್ಲಿ ವಾದ ಹುಟ್ಟುತ್ತದೆ. "ಅವರು ಬಂದದ್ದು ಮತ ಬೆಳೆಸುವುದಕ್ಕಲ್ಲವೆ? ಔಷಧವು ಗಾಳದ ಹುಳುವಲ್ಲವೆ?" ಎಂದು ಒಬ್ಬರು. "ಕಣ್ಣು ಬಂದವನು ಔಷಧದ ಜಾತಿ ಕೇಳುವನೆ?" ಎಂದು ಇನ್ನೊಬ್ಬರು. ಎರಡನ್ನೂ ನಾನು ಹಲವು ಸಲ ಕೇಳಿದ್ದೇನೆ. ಎರಡರಲ್ಲಿಯೂ ಅವಸರವಿದೆಯೆಂದು ನನಗೆ ತೋರುತ್ತದೆ. ಮಿಶನರಿಗಳು ತಮ್ಮ ಉದ್ದೇಶವನ್ನೇನೂ ಬಚ್ಚಿಟ್ಟವರಲ್ಲ; ವೈದ್ಯಕೀಯವೂ ಸುವಾರ್ತೆಯೂ ಅವರಿಗೆ ಒಂದೇ ಕರೆಯ ಎರಡು ಅಂಗಗಳು. ಗಾಂಧೀಜಿಯವರು ೧೯೩೦ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ಆಕ್ಷೇಪಿಸಿದರು. ಶಿಕ್ಷಣ, ವೈದ್ಯಕೀಯಗಳನ್ನು ಮತಾಂತರದ ಉಪಕರಣವಾಗಿ ಮಾಡಬಾರದು, ಸೇವೆ ಶುದ್ಧ ಸೇವೆಯಾಗಿಯೇ ಇರಬೇಕು ಎಂಬುದು ಅವರ ಅಭಿಪ್ರಾಯ.

ಆದರೆ ಮಾಡುವವನ ಎದೆಯೊಳಗಿನ ಉದ್ದೇಶವನ್ನು ಅಳೆಯುವ ಕೋಲು ನಮ್ಮ ಬಳಿ ಇಲ್ಲ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡೆಂದು ಗೀತೆ ಬೋಧಿಸುತ್ತದೆ. ಅದನ್ನು ದಿನವೂ ಪಾರಾಯಣ ಮಾಡುವ ನಮ್ಮಲ್ಲಿಯೂ ಎಷ್ಟು ಜನರ ದಾನಕ್ಕೆ ಹೆಸರಿನ ಕಲ್ಲು ಬೇಡವಾಗಿದೆ? ಆದುದರಿಂದ ನಾನು ಬೇರೊಂದನ್ನು ನೋಡಬಯಸುತ್ತೇನೆ. ಹಾಸಿಗೆಯ ಮೇಲೆ ಮಲಗಿದವನು 'ಬೇಡ' ಎನ್ನಬಲ್ಲನೆ? ಎಂದರೂ ಅವನಿಗೆ ಔಷಧ ಅದೇ ಅಕ್ಕರೆಯಿಂದ ದೊರೆಯುವುದೆ? ಮಾತು ಹೊರಗೆ ಸುಲಭವಾಗಿದೆ, ಒಳಗೆ ಹಾಗಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಒಕ್ಕಲಿಗನು, ತನ್ನ ಕಣ್ಣು ಯಾರ ಕೈಯಲ್ಲಿದೆಯೋ ಅವರು ಪ್ರಾರ್ಥನೆಗೆ ಕುಳಿತರೆ, ಎದ್ದುಹೋಗುವ ಮಾತನ್ನೇ ಎತ್ತಲಾರ. ಅವನನ್ನು ಯಾರೂ ತಡೆದಿಲ್ಲ, ನಿಜ. ಆದರೂ ಅವನು ಸ್ವತಂತ್ರನಲ್ಲ. ಉಪಕಾರದ ಭಾರವೇ ಅವನನ್ನು ಕೂರಿಸಿರುತ್ತದೆ.

ಶಿಕ್ಷಕರಾದ ನಾವು ಈ ಮಾತನ್ನು ಇತರರಿಗಿಂತ ಬೇಗ ಅರಿಯಬೇಕು. ಒಂದನೆಯ ಇಯತ್ತೆಯ ಮಗುವೂ ನಮ್ಮೆದುರಿನಿಂದ ಎದ್ದುಹೋಗಲಾರದು. ನಾವು ಅಕ್ಷರದ ಜೊತೆಗೆ ನಮ್ಮ ಇಷ್ಟಾನಿಷ್ಟಗಳನ್ನೂ, ನಮ್ಮ ದೇವರನ್ನೂ, ನಮ್ಮ ಸಿಟ್ಟನ್ನೂ ಅದಕ್ಕೆ ಉಣಿಸುತ್ತೇವೆ. ಮಿಶನರಿಯ ಮೇಲೆ ಬೆರಳು ತೋರಿಸುವಾಗ ಈ ನೆನಪು ಇರುವುದು ಒಳ್ಳೆಯದು.

ಇನ್ನು ಭಾಷೆಯ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಮಿರಜದಲ್ಲಿ ಆಸ್ಪತ್ರೆ ತೆರೆದ ೧೮೯೪ರಲ್ಲಿಯೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು ಎಪ್ಪತ್ತು ಸಾವಿರ ಶಬ್ದಗಳು. ಕಿಟ್ಟೆಲ್ ಅವರು ೧೮೩೨ರಲ್ಲಿ ಹುಟ್ಟಿ, ೧೮೫೩ರಲ್ಲಿ ಧಾರವಾಡದ ಕಡೆಗೆ ಬಂದವರು. ಒಮ್ಮೆ ಸ್ವದೇಶಕ್ಕೆ ಹೋಗಿದ್ದರೂ, ಐವತ್ತು ದಾಟಿದ ಮೇಲೆ ನಿಘಂಟನ್ನು ಮುಗಿಸುವುದಕ್ಕೆಂದೇ ೧೮೮೩ರಲ್ಲಿ ಮರಳಿ ಬಂದರು. ಅವರ ಒಂದು ವಾರ ಹೇಗಿದ್ದಿರಬಹುದು? ಒಂದು ಶಬ್ದಕ್ಕೆ ಹಳ್ಳಿಯವನು ಹೇಳುವ ಅರ್ಥ ಒಂದು, ಹಳಗನ್ನಡದ ಓಲೆಯಲ್ಲಿರುವ ಅರ್ಥ ಇನ್ನೊಂದು. ಎರಡನ್ನೂ ಚೀಟಿಯಲ್ಲಿ ಬರೆದು, ಮತ್ತೊಬ್ಬರನ್ನು ಕೇಳಿ, ಹೊಡೆದುಹಾಕಿ, ಮತ್ತೆ ಬರೆಯುವುದು. ಅಂಥ ವಾರದ ವೃತ್ತಾಂತವನ್ನು ಊರಿಗೆ ಬರೆದರೆ ಓದಿದವರು ಏನೆಂದಾರು? "ಈ ವಾರವೂ ಕಕಾರ ಮುಗಿಯಲಿಲ್ಲ" ಎಂದು ಬರೆಯಬೇಕಷ್ಟೆ. ಎಣಿಕೆಗೆ ಸಿಕ್ಕುವಂಥದೇನೂ ಅಲ್ಲಿಲ್ಲ. ಆದರೆ ಆ ಬರಿದಾದ ವಾರಗಳಿಂದ ಹುಟ್ಟಿದ ಗ್ರಂಥವನ್ನು ಕನ್ನಡದ ವಿದ್ವಾಂಸನು ಇಂದಿಗೂ ಬಿಚ್ಚಿ ನೋಡುತ್ತಾನೆ, ಅವನು ಯಾವ ಮತದವನೇ ಆಗಿರಲಿ.

ಕಿಟ್ಟೆಲ್ ಅವರನ್ನು ಹೊಗಳಿ ಹಿರಿಯ ದಂಪತಿಗಳನ್ನು ಹಳಿಯುವ ಹವಣಿಕೆ ನನ್ನದಲ್ಲ. ಒಂದೂವರೆ ವರುಷಕ್ಕೆಂದು ಬಂದ ಅರವತ್ತೈದರ ಮುದುಕಿಗೆ ನಮ್ಮ ಒತ್ತಕ್ಷರ ಕಲಿ ಎನ್ನುವುದು ನಿರ್ದಯವಾದೀತು. ಆದರೂ ಭಾಷೆ ಬಾರದವನ ವಾರವು ಯಾವುದರಿಂದ ತುಂಬುತ್ತದೆ ಎಂಬುದನ್ನು ನೋಡಬೇಕು. ಅದು ಸಭೆಗಳಿಂದ, ಪ್ರವಾಸದಿಂದ, ಹಂಚಿಕೆಯ ಯಾದಿಗಳಿಂದ, ತನ್ನ ಭಾಷೆ ಬಲ್ಲವರ ಸಹವಾಸದಿಂದ ತುಂಬುತ್ತದೆ. ಎದುರಿಗೆ ಕುಳಿತವನ ದುಃಖವು ದುಭಾಷಿಯ ಬಾಯಿಂದ ಅರ್ಧವಾಗಿ ಬರುತ್ತದೆ, ಸಮಾಧಾನವೂ ಅರ್ಧವಾಗಿ ಹೋಗುತ್ತದೆ. ವಾನ್ಲೆಸ್ ಅವರಂತೆ ನಾಲ್ಕು ದಶಕ ಒಂದೇ ಊರಿನಲ್ಲಿ ನಿಂತವರ ಮಾತು ಬೇರೆ. ಅಷ್ಟು ಕಾಲ ನಿಂತವನನ್ನು ಊರೇ ತನ್ನ ಭಾಷೆಗೆ ಎಳೆದುಕೊಳ್ಳುತ್ತದೆ. ಅವನ ಹೆಸರನ್ನೂ ಎಳೆದುಕೊಳ್ಳುತ್ತದೆ. ಸಾಂಗಲಿ-ಮಿರಜಗಳ ನಡುವೆ ಕ್ಷಯರೋಗದ ಆರೋಗ್ಯಧಾಮ ನಿಂತ ಜಾಗಕ್ಕೆ ಜನರು 'ವಾನ್ಲೆಸವಾಡಿ' ಎಂದರು. ಕೆನಡಾದ ಹೆಸರಿಗೆ ಮರಾಠಿಯ ಬಾಲ!

ದಂಪತಿ ಎಂಬ ಶಬ್ದದ ಬಗೆಗೂ ಒಂದು ಮಾತು ಹೇಳಬೇಕು. ಚರಿತ್ರೆಯಲ್ಲಿ ಗಂಡನ ವಾರ ಬರೆಯಲ್ಪಡುತ್ತದೆ. ಹೆಂಡತಿಯ ವಾರ ಅವನ ವಾರದೊಳಗೆ ಕರಗಿಹೋಗುತ್ತದೆ. ಆಲ್ಬರ್ಟ್ ಶ್ವೈಟ್ಜರ್ ಅವರು ೧೯೧೩ರಲ್ಲಿ ಆಫ್ರಿಕದ ಲಂಬರೆನೆಗೆ ಹೋದಾಗ ಪತ್ನಿ ಹೆಲೆನ್ ದಾದಿಯಾಗಿ ಜೊತೆಗಿದ್ದರು. ೧೯೨೪ರಲ್ಲಿ ಅವರು ಮತ್ತೆ ಹೊರಟಾಗ ಹೆಲೆನ್ ಅವರು ಅನಾರೋಗ್ಯದಿಂದ ಎಳೆಯ ಮಗಳೊಡನೆ ಯುರೋಪಿನಲ್ಲಿಯೇ ಉಳಿದರು. ಜಗತ್ತು ಒಬ್ಬರನ್ನು ಬಲ್ಲುದು. ನಮ್ಮ ಕಿಟ್ಟೆಲ್ ಅವರೂ ಎರಡನೆಯ ಸಲ ಬರುವಾಗ ಕುಟುಂಬವನ್ನು ಜರ್ಮನಿಯಲ್ಲಿಯೇ ಬಿಟ್ಟು ಬಂದಿದ್ದರು. ಬಾಸೆಲ್ ಮಿಶನ್ನಿನವರ ಮಕ್ಕಳನ್ನಂತೂ ಚಿಕ್ಕ ವಯಸ್ಸಿನಲ್ಲಿಯೇ ತಾಯಿತಂದೆಗಳಿಂದ ಅಗಲಿಸಿ ಬಾಸೆಲ್ಲಿನ ಮಕ್ಕಳ ಮನೆಗೆ ಕಳುಹಿಸುತ್ತಿದ್ದರು. ಸೇವೆಯ ಪ್ರತಿಜ್ಞೆಯನ್ನು ಆ ಮಕ್ಕಳು ಮಾಡಿರಲಿಲ್ಲ, ಆದರೂ ಬೆಲೆ ತೆತ್ತವರು ಅವರು. ನಿಘಂಟನ್ನು ಬಿಚ್ಚಿದಾಗ ಈ ಮಾತು ನೆನಪಾದರೆ ಕಿಟ್ಟೆಲ್ ಅವರ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ಗೌರವ ಸಲ್ಲಬೇಕಾದವರ ಸಂಖ್ಯೆ ಮಾತ್ರ ಹೆಚ್ಚಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ, ಮಕ್ಕಳ ಭಾರ ಇಳಿದ ಮೇಲೆ ಇಬ್ಬರೂ ಕೂಡಿಯೇ ಹೊರಡುವ ಇಂದಿನ ಹಿರಿಯ ದಂಪತಿಗಳ ರೂಢಿಯು ಹೆಚ್ಚು ನ್ಯಾಯವಾದದ್ದೆಂದು ನಾನು ಒಪ್ಪುತ್ತೇನೆ. ನಮ್ಮ ಹಿರಿಯರೂ ಈಗೀಗ ಪರದೇಶಕ್ಕೆ ಹೋಗುತ್ತಾರೆ, ಆರು ತಿಂಗಳ ಮಟ್ಟಿಗೆ. ಮಗಳ ಬಾಣಂತನ, ಮೊಮ್ಮಗುವಿನ ಎಣ್ಣೆನೀರು, ಅಡಿಗೆ, ಮತ್ತೆ ಅಡಿಗೆ. ಆ ಅಜ್ಜಿಯ ವಾರಕ್ಕಿಂತ ಬಿಡುವಿಲ್ಲದ ವಾರ ಯಾವ ಮಿಶನರಿಗೂ ಇರಲಿಕ್ಕಿಲ್ಲ. ಅದನ್ನು ಸೇವೆಯೆಂದು ಯಾರೂ ಕರೆಯುವುದಿಲ್ಲ, ಅವಳಂತೂ ಕರೆಯಳು. ತನ್ನವರಿಗೆ ಮಾಡಿದ್ದು ಸೇವೆಯಲ್ಲವೆಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಇದು ಸರಿಯೋ ತಪ್ಪೋ ಎಂಬುದು ಬೇರೆ ಪ್ರಬಂಧದ ವಿಷಯ. ಇರಲಿ.

ವಾನ್ಲೆಸ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ಕಾಣುವುದು ಅವರು ತೆಗೆದ ಪೊರೆಗಳ ಸಂಖ್ಯೆಯಲ್ಲ. ಭಾರತೀಯ ತರುಣರಿಗೆ ವೈದ್ಯವಿದ್ಯೆ ಕಲಿಸುವ ಶಾಲೆಯೊಂದನ್ನು ಅವರು ಮಿರಜದಲ್ಲಿ ನಡೆಸಿದರು. ಒಬ್ಬ ವಿದ್ಯಾರ್ಥಿಗೆ ಕೈಹಿಡಿದು ಕಲಿಸುವ ಹೊತ್ತಿನಲ್ಲಿ ಗುರು ತಾನೇ ಹಲವು ಶಸ್ತ್ರಕ್ರಿಯೆಗಳನ್ನು ಮುಗಿಸಿಬಿಡಬಲ್ಲ. ಕಲಿಸುವ ವಾರವು ಲೆಕ್ಕದಲ್ಲಿ ಸೊರಗಿದ ವಾರ. ಆದರೆ ಮಾಡುವವನು ಹಡಗು ಹತ್ತಿದ ಮೇಲೂ ಕೆಲಸ ನಿಲ್ಲಬಾರದೆಂದರೆ ಬೇರೆ ದಾರಿಯಿಲ್ಲ. ೧೯೬೨ರಲ್ಲಿ ಮಿರಜಕ್ಕೆ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಬಂದಿತು. ವೈದ್ಯರಿಗಾಗಿ ಸಮುದ್ರದ ಕಡೆಗೆ ನೋಡುವ ಕಾಲ ಈ ಊರಿಗೆ ಎಂದೋ ಮುಗಿದಿದೆ.

ಆದರೆ ಒಂದು ಕೊರತೆ ಮುಗಿದಿಲ್ಲ. ಅದು ನಮ್ಮ ಭಾಷೆಯವರದು. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯವಾದಾಗ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಈ ಕಡೆಗೇ ಉಳಿದವು. ಆ ಹಳ್ಳಿಗಳಿಂದಲೂ ಗಡಿಯಾಚೆಯ ಅಥಣಿಯಿಂದಲೂ ಬರುವ ಹೆಣ್ಣುಮಗಳಿಗೆ ಮಿರಜದ ವಾರ್ಡಿನಲ್ಲಿ ವೈದ್ಯರು ಮರಾಠಿಯಲ್ಲಿ ಹೇಳುತ್ತಾರೆ, ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಗುಳಿಗೆ ಯಾವುದು, ನಂತರದ್ದು ಯಾವುದು, ಮತ್ತೆ ಯಾವಾಗ ಬರಬೇಕು ಎಂಬುದು ಅವಳಿಗೆ ತಿಳಿಯದೆ ತಲೆಯಾಡಿಸಿ ಹೊರಗೆ ಬರುತ್ತಾಳೆ. ಇದು ಯಾರ ದ್ವೇಷದಿಂದ ಆದದ್ದೂ ಅಲ್ಲ. ದಾದಿಯರಲ್ಲಿ ಕನ್ನಡ ಬಲ್ಲವರು ಸಿಕ್ಕಿದರೆ ಪುಣ್ಯ, ಸಿಕ್ಕದಿದ್ದರೆ ಪಕ್ಕದ ಹಾಸಿಗೆಯವರೇ ಗತಿ. ಆ ಹೆಣ್ಣುಮಗಳ ಮಟ್ಟಿಗೆ ಆ ವಾರ್ಡೇ ಪರದೇಶ.

ನಮ್ಮ ಸಂಘದಲ್ಲಿ ನಿವೃತ್ತ ಕನ್ನಡ ಶಿಕ್ಷಕರೂ ಶಿಕ್ಷಕಿಯರೂ ಇದ್ದಾರೆ. ಗಂಡಹೆಂಡಿರಿಬ್ಬರೂ ಶಿಕ್ಷಕರಾಗಿದ್ದ ಮನೆಗಳೂ ಉಂಟು. ಎರಡೂ ಭಾಷೆಗಳು ಅವರ ನಾಲಿಗೆಯ ಮೇಲಿವೆ. ವಾರಕ್ಕೆ ಎರಡು ಮುಂಜಾವು, ಹೊರರೋಗಿಗಳ ಸಾಲಿನ ಹತ್ತಿರ ಒಂದು ಬಾಕಿನ ಮೇಲೆ ಕುಳಿತು, ಕೇಳಿದವರಿಗೆ ಚೀಟಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಗಂಡಸರಿಗೆ ಗುರುಗಳು, ಹೆಂಗಸರಿಗೆ ಬಾಯಿಯವರು. ಉಪದೇಶ ಬೇಡ, ಸಂಘದ ಫಲಕವೂ ಬೇಡ. ಆಸ್ಪತ್ರೆಯ ಅಧಿಕಾರಿಗಳ ಅನುಮತಿ ಮೊದಲು ಬೇಕು. ಔಷಧದ ವಿಷಯದಲ್ಲಿ ಸ್ವಂತ ಬುದ್ಧಿಯ ಒಂದು ಮಾತೂ ಸೇರಕೂಡದು, ಚೀಟಿಯಲ್ಲಿದ್ದಷ್ಟೇ ಹೇಳಬೇಕು. ಕೆಲವು ದಿನ ಒಬ್ಬರೂ ಬಂದು ಕೇಳಲಿಕ್ಕಿಲ್ಲ, ಸುಮ್ಮನೆ ಕುಳಿತು ಎದ್ದು ಬರಬೇಕಾದೀತು. ಅದಕ್ಕೂ ಒಪ್ಪಿದವರು ತಮ್ಮ ಹೆಸರನ್ನು, ಯಾವ ಎರಡು ದಿನ ಅನುಕೂಲವೆಂಬುದನ್ನು, ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿದರೆ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಬಹುದು.